ಸವಾಲಿನ ಕೂಗು, ಚೀಟಿಯ ಲೆಕ್ಕ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜ ಜೋಪಾನ ಮಾಡಿಟ್ಟ ಒಂದು ಚೀಟಿ ಇದೆ. ಅಂಗೈ ಅಗಲದ ಬಿಳಿಯ ಕಾಗದ. ಮೇಲೆ ‘ಶ್ರೀ’ ಎಂಬ ಅಕ್ಷರ, ಕೆಳಗೆ ಪೆನ್ಸಿಲಿನಲ್ಲಿ ಚೀಲಗಳ ಸಂಖ್ಯೆ, ಅದರ ಕೆಳಗೊಂದು ಮೊತ್ತ. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ದರ ಎಷ್ಟೆಂದಿಲ್ಲ. ಆ ಮೊತ್ತದಲ್ಲಿ ಕೈಗೆ ಬಂದದ್ದೆಷ್ಟು ಎಂಬ ಸಂಗತಿ ಅಜ್ಜನ ಜೊತೆಗೇ ಹೋಯಿತು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತರ ಮನೆಗಳಲ್ಲಿ ಹುಡುಕಿದರೆ ಇಂಥವು ಇನ್ನೂ ಸಿಕ್ಕಾವು. ಮಾರುಕಟ್ಟೆಯ ಭಾಷೆಯಲ್ಲಿ ಇದಕ್ಕೆ ‘ಬಿಳಿ ಚೀಟಿ’ ಎಂದು ಹೆಸರು.

ಈಗ ಹರಾಜು ಕಂಪ್ಯೂಟರಿಗೆ ಏರಿದೆ. ಮೊಬೈಲಿನಲ್ಲಿ ಸೀರೆ ಮಾರುವವರಿಂದ ಹಿಡಿದು ಹಳೆಯ ನಾಣ್ಯ ಹರಾಜು ಹಾಕುವವರವರೆಗೆ ಎಲ್ಲರಿಗೂ ಇರುವ ಚಿಂತೆ ಒಂದೇ: ಕೊಂಡವನಿಗೆ ಬೇಗನೆ, ತಪ್ಪಿಲ್ಲದೆ ಬಿಲ್ಲು ಕಳಿಸುವುದು ಹೇಗೆ? ಅಲ್ಲಿ ಮಾರಿದವನೇ ಬಿಲ್ಲು ಬರೆಯುತ್ತಾನೆ. ನಮ್ಮ ಕೃಷಿ ಮಾರುಕಟ್ಟೆಯ ರೀತಿಯೇ ಬೇರೆ. ಇಲ್ಲಿ ಮಾರುವವನ ಬಿಲ್ಲನ್ನು ಮಾರುವವನು ಬರೆಯುವುದಿಲ್ಲ, ಅಡತ್ ಅಂಗಡಿಯ ಗುಮಾಸ್ತ ಬರೆಯುತ್ತಾನೆ. ರೈತ ಅದನ್ನು ‘ಪಟ್ಟಿ’ ಎನ್ನುತ್ತಾನೆ. ಸವಾಲಿನಲ್ಲಿ ದರ ಎಷ್ಟೇ ಜೋರಾಗಿ ಕೂಗಿದರೂ ಮನೆಗೆ ಬರುವುದು ಪಟ್ಟಿಯ ಕೊನೆಯ ಸಾಲಿನಲ್ಲಿರುವ ಅಂಕಿ ಮಾತ್ರ. ಈ ಪಟ್ಟಿಗೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ.

1871ರಲ್ಲಿ ಮುಂಬಯಿ ಮತ್ತು ಮದರಾಸು ಕಡೆಯ ರೈಲು ದಾರಿಗಳು ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲಿದ್ದ ಯಾದಗಿರಿಗೆ ಅಂದಿನಿಂದ ವ್ಯಾಪಾರದ ಕಳೆ ಬಂತು. ಶಹಾಪುರ, ಸುರಪುರಗಳಿಗೆ ರೈಲಿಲ್ಲ. ಅಲ್ಲಿನ ಹತ್ತಿ, ಶೇಂಗಾ, ತೊಗರಿ ರೈಲು ಕಾಣಬೇಕಾದರೆ ಚಕ್ಕಡಿಯಲ್ಲಿ ಭೀಮಾ ದಾಟಿ ಬರಬೇಕಿತ್ತು. ಸುರಪುರ ಎಂದೊಡನೆ ಎಲ್ಲರಿಗೂ ವೆಂಕಟಪ್ಪ ನಾಯಕ, ಟೇಲರ್ ಮಂಜಿಲ್ ನೆನಪಾಗುತ್ತವೆ. ಅಲ್ಲಿಂದ ಹೊರಟ ಚಕ್ಕಡಿಗಳನ್ನು ಯಾರೂ ನೆನೆಯುವುದಿಲ್ಲ. 1858ರ ಬಂಡಾಯದೊಂದಿಗೆ ಸಂಸ್ಥಾನ ಮುಗಿದು, 1860ರ ಒಪ್ಪಂದದಂತೆ ಸುರಪುರ ನಿಜಾಮನ ಕೈ ಸೇರಿತ್ತು. ಹೀಗೆ ಮೂರೂ ಊರುಗಳ ಪೇಟೆಗೆ ಹೈದರಾಬಾದಿನ ರೀತಿನೀತಿಯೇ ಗತಿಯಾಯಿತು.

ಆ ಕಾಲದ ಪೇಟೆಯಲ್ಲಿ ದರ ಕೂಗುವ ಪದ್ಧತಿಯೇ ಎಲ್ಲೆಡೆ ಇರಲಿಲ್ಲ. ದೇಶದ ಅನೇಕ ಕಡೆ ದಲಾಲನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಮುಗಿಸುತ್ತಿದ್ದರು. ಎತ್ತಿನ ಜಾತ್ರೆಗಳಲ್ಲಿ ಟವೆಲಿನ ಕೆಳಗೆ ಬೆರಳಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎತ್ತಿನ ವ್ಯಾಪಾರದಲ್ಲಿ ಧಣಿಯ ಬೆರಳೂ ಒಳಗಿರುತ್ತದೆ, ಕಾಳಿನ ವ್ಯಾಪಾರದಲ್ಲಿ ರೈತ ಹೊರಗೆ ನಿಂತಿರುತ್ತಿದ್ದ. ವಸ್ತ್ರದ ಕೆಳಗೆ ಏನು ಮುಗಿಯಿತು ಎಂಬುದನ್ನು ದಲಾಲ ಹೇಳಿದಷ್ಟೇ ಅವನು ಕೇಳಬೇಕಿತ್ತು.

ಬಳಿಕ ತೂಕ, ಅದರ ನಂತರ ಕಡಿತ. ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯ, ಗೋಶಾಲೆ, ಸ್ಯಾಂಪಲ್ ಎಂದು ತೆಗೆದ ಬೊಗಸೆಗಟ್ಟಲೆ ಕಾಳು, ತೇವ ಮತ್ತು ಕಸಕ್ಕೆಂದು ಮುರಿಯುವ ‘ಸೂಟು’. ಸಾಲದ್ದಕ್ಕೆ ನಾಣ್ಯದ ಗೊಂದಲ. ನಿಜಾಮನ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಬ್ರಿಟಿಷರ ಕಲ್ದಾರ್ ಆರು ರೂಪಾಯಿ. ಮುಂಬಯಿ ವ್ಯಾಪಾರದ ಲೆಕ್ಕ ಕಲ್ದಾರಿನಲ್ಲಿ, ಊರಿನ ಲೆಕ್ಕ ಹಾಲಿಯಲ್ಲಿ. ವರ್ಷವೂ ಫಸಲಿ ವರ್ಷ, ಆಡಳಿತದ ಭಾಷೆ ಉರ್ದು. ಓದು ಬಾರದ ಕನ್ನಡದ ಒಕ್ಕಲಿಗ ಈ ಲೆಕ್ಕವನ್ನು ತಾಳೆ ನೋಡುವುದಾದರೂ ಹೇಗೆ?

ಇದನ್ನು ಸರಿಪಡಿಸುವ ಮೊದಲ ಯತ್ನ ಹತ್ತಿಯಿಂದಲೇ ಶುರುವಾಯಿತು. ನಿಜಾಮನಿಂದ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದ ವರ್ಹಾಡದ ಕಾರಂಜಾದಲ್ಲಿ 1886ರಲ್ಲಿ ಮೊದಲ ನಿಯಂತ್ರಿತ ಮಾರುಕಟ್ಟೆ ತೆರೆಯಿತು, 1897ರಲ್ಲಿ ಅಲ್ಲಿ ಕಾಯ್ದೆಯೂ ಬಂತು. ಬ್ರಿಟಿಷ್ ಗಿರಣಿಗಳಿಗೆ ಶುದ್ಧ ಹತ್ತಿ ಬೇಕಿತ್ತು ಎಂಬುದು ಇದರ ಹಿಂದಿನ ಒಂದು ಕಾರಣ, ರೈತನ ಮೇಲಿನ ಮಮತೆಯೊಂದೇ ಅಲ್ಲ. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ದೇಶದಾದ್ಯಂತ ಇಂಥ ಮಾರುಕಟ್ಟೆ ಬೇಕೆಂದಿತು. ಹೈದರಾಬಾದ್ ಸಂಸ್ಥಾನ ತಡ ಮಾಡಲಿಲ್ಲ. 1339 ಫಸಲಿಯ ಕೃಷಿ ಮಾರುಕಟ್ಟೆ ಕಾಯ್ದೆ, ಅಂದರೆ ನಮ್ಮ ಲೆಕ್ಕದ 1930ರ ಕಾಯ್ದೆ, ನಮ್ಮ ಭಾಗಕ್ಕೆ ಬಂದದ್ದು ಹಾಗೆ. 1956ರಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1966ರ ಎಪಿಎಂಸಿ ಕಾಯ್ದೆ ಆ ಸ್ಥಾನಕ್ಕೆ ಬಂತು. ಅಷ್ಟರಲ್ಲಿ ಮಣ, ಸೇರು ಹೋಗಿ ಕಿಲೋ, ಕ್ವಿಂಟಲ್ ಬಂದಿದ್ದವು.

ವಸ್ತ್ರ ಹೋಗಿ ಸವಾಲಿನ ಕೂಗು ಬಂತು, ಕೂಗು ಹೋಗಿ ಟೆಂಡರ್ ಪೆಟ್ಟಿಗೆ ಬಂತು. ವ್ಯಾಪಾರಿಗಳು ರಾಶಿ ನೋಡಿ, ದರ ಬರೆದ ಚೀಟಿಯನ್ನು ಪೆಟ್ಟಿಗೆಗೆ ಹಾಕುವುದು, ತೆರೆದಾಗ ಯಾರದು ಹೆಚ್ಚೋ ಅವರಿಗೆ ಮಾಲು. ದರದ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ದಲಾಲಿ ಕೊಳ್ಳುವವನ ಮೇಲೆಯೇ ಬೀಳಬೇಕು, ರೈತನಿಂದ ಮುರಿಯಕೂಡದು ಎಂಬುದೂ ರಾಜ್ಯದಲ್ಲಿ ಕಾನೂನಾಯಿತು. ಪಟ್ಟಿ ಬರೆಯುವ ಕೈ ಮಾತ್ರ ಬದಲಾಗಲಿಲ್ಲ.

ಬದಲಾವಣೆ ಬಂದದ್ದು 2014ರಲ್ಲಿ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಕೂಡಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಕಟ್ಟಿ, ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರಲು ಹೊರಟವು. ಅದರ ಕೆಲಸದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರೈತ ಪ್ರಾಂಗಣದ ಗೇಟಿಗೆ ಬಂದಾಗಲೇ ಅವನ ಹೆಸರು, ಮಾಲು, ಚೀಲಗಳ ಸಂಖ್ಯೆ ಕಂಪ್ಯೂಟರಿಗೆ ಸೇರಿ ಒಂದು ಲಾಟ್ ನಂಬರ್ ಹುಟ್ಟುತ್ತದೆ. ವ್ಯಾಪಾರಿಗಳು ಆ ನಂಬರಿಗೆ ದರ ಹಾಕುತ್ತಾರೆ. ರಾಯಚೂರಿನಲ್ಲಿ ಕೂತವನೂ ಹಾಕಬಹುದು. ಗೆದ್ದ ದರ ರೈತನ ಮೊಬೈಲಿಗೆ ಬರುತ್ತದೆ, ಬೇಡವಾದರೆ ಅವನು ಒಲ್ಲೆ ಎನ್ನಬಹುದು. ಒಪ್ಪಿದರೆ ತೂಕ ಅದೇ ನಂಬರಿನ ಮುಂದೆ ಕೂರುತ್ತದೆ. ದರವನ್ನು ತೂಕದಿಂದ ಗುಣಿಸಿ ಬಿಲ್ಲು ತಾನೇ ತಯಾರಾಗುತ್ತದೆ.

ಆನ್‌ಲೈನ್ ವ್ಯಾಪಾರದ ಒಳ್ಳೆಯ ಬಿಲ್ಲಿನ ಗುಟ್ಟು ಇದೇ. ಒಮ್ಮೆ ಬರೆದ ವಿವರವನ್ನು ಮತ್ತೆ ಯಾರೂ ಕೈಯಿಂದ ಬರೆಯಬಾರದು. ಹೆಸರು ಗೇಟಿನಿಂದ, ದರ ಹರಾಜಿನಿಂದ, ತೂಕ ಕಾಟಾದಿಂದ ಬಂದು ಒಂದೇ ನಂಬರಿನ ಕೆಳಗೆ ಸೇರಬೇಕು. ನಡುವೆ ಗುಮಾಸ್ತನ ಪೆನ್ನು ಬಂದಲ್ಲೆಲ್ಲ ತಪ್ಪಿಗೂ ದಾರಿ, ಕಳವಿಗೂ ದಾರಿ.

ಇದರಿಂದ ರೈತನಿಗೆ ದಕ್ಕಿದ್ದೇನು? 2020ರಲ್ಲಿ ಅಮೆರಿಕದ ವಿದ್ವತ್ ಪತ್ರಿಕೆಯೊಂದರಲ್ಲಿ ಈ ವೇದಿಕೆಯ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಆನ್‌ಲೈನ್ ವ್ಯವಸ್ಥೆಯಿಂದ ಭತ್ತದ ದರ ಶೇ 5.1ರಷ್ಟು, ಶೇಂಗಾದ್ದು ಶೇ 3.6ರಷ್ಟು, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿತು ಎಂದು ಅದು ಲೆಕ್ಕ ಹಾಕಿದೆ. ಹತ್ತಿ, ಹೆಸರು, ತೊಗರಿಯ ದರದಲ್ಲಿ ಗಮನಾರ್ಹ ಪರಿಣಾಮ ಕಾಣಲಿಲ್ಲ. ನಮ್ಮ ಸೀಮೆಯ ಬೆಳೆಗಳಲ್ಲಿ ಮೂರು ಈ ಎರಡನೆಯ ಸಾಲಿನಲ್ಲೇ ಇವೆ ಎಂಬುದನ್ನು ಗಮನಿಸಿ.

ಏರಿಕೆ ಸಿಕ್ಕ ಶೇಂಗಾವನ್ನೇ ತೆಗೆದುಕೊಳ್ಳೋಣ. ಲೆಕ್ಕಕ್ಕೆಂದು ಹತ್ತು ಕ್ವಿಂಟಲ್, ದರ 6,000 ರೂಪಾಯಿ ಎನ್ನಿ. ಒಟ್ಟು 60,000. ಕಾನೂನು ಬಿಟ್ಟು ಶೇ 2ರಂತೆ ದಲಾಲಿ ಮುರಿದರೆ 1,200. ಕ್ವಿಂಟಲ್ಲಿಗೆ ಒಂದು ಕಿಲೋ ಸೂಟು ಮುರಿದರೆ ಹತ್ತು ಕಿಲೋ, ಅಂದರೆ 600. ಎರಡೂ ಕೂಡಿ 1,800, ಅಂದರೆ ಶೇ 3. ಕಂಪ್ಯೂಟರ್ ಕೊಡಿಸಿದ ಶೇ 3.6ರ ಲಾಭವನ್ನು ಬಿಳಿ ಚೀಟಿಯ ಎರಡು ಸಾಲು ಹೆಚ್ಚುಕಡಿಮೆ ನುಂಗಿಬಿಡುತ್ತವೆ. ದರ ಮೊಬೈಲಿಗೆ ಬಂದಿರುತ್ತದೆ, ಸುಳ್ಳಲ್ಲ. ಆದರೆ ಹಣ ಎಣಿಸಿ ಕೊಡುವಾಗ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇರುತ್ತದೆ.

ಹಾಗಾದರೆ ರೈತ ಪಕ್ಕಾ ಬಿಲ್ಲು ಕೇಳುವುದಿಲ್ಲವೇಕೆ? ತಿಳಿಯದೆ ಅಲ್ಲ. ಬಿತ್ತುವಾಗ ಬೀಜ, ಗೊಬ್ಬರಕ್ಕೆ, ಮನೆಯ ಮದುವೆಗೆ ಮುಂಗಡ ಕೊಟ್ಟದ್ದು ಅದೇ ಅಡತ್ ಅಂಗಡಿ. ಪಟ್ಟಿ ಎಂಬುದು ಮಾರಾಟದ ಬಿಲ್ಲೂ ಹೌದು, ಸಾಲದ ಖಾತೆಯೂ ಹೌದು. ಅಸಲು, ಬಡ್ಡಿ ಹಿಡಿದುಕೊಂಡೇ ಉಳಿದದ್ದು ಕೈಗೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬಂದುಬಿಟ್ಟರೆ ಅಡತಿಗೆ ಸಾಲದ ಭದ್ರತೆ ಹೋಯಿತು. ಮುಂದಿನ ಮುಂಗಾರಿಗೆ ಮುಂಗಡ ಸಿಗದಿದ್ದರೆ ಎಂಬ ಅಂಜಿಕೆ ರೈತನಿಗೂ ಉಂಟು. ಎಲ್ಲ ಅಡತಿಗಳೂ ಮೋಸಗಾರರೆಂದು ಹೇಳಿದರೆ ಅನ್ಯಾಯವಾದೀತು. ಬ್ಯಾಂಕು ಬಾಗಿಲು ಮುಚ್ಚಿದ ಹೊತ್ತಿನಲ್ಲಿ ‘ಒಯ್ಯೋ ತಮ್ಮಾ, ಸುಗ್ಗಿಗೆ ಕೊಟ್ರಾತು’ ಎಂದವರೂ ಅವರೇ. ಆ ಮಾತಿನ ಬೆಲೆ ಎಷ್ಟು ಎಂಬುದೇ ಪಟ್ಟಿಯಲ್ಲಿ ಎಂದೂ ಬರೆದಿರುವುದಿಲ್ಲ.

ಬಿಳಿ ಚೀಟಿಯ ಕಷ್ಟ ತಿಳಿಯುವುದು ಹಣ ಬಾರದಿದ್ದಾಗ. ವ್ಯಾಪಾರಿ ಕೈಯೆತ್ತಿದರೆ ರೈತ ದೂರು ಒಯ್ಯಬೇಕಾದದ್ದು ಎಪಿಎಂಸಿ ಕಾರ್ಯದರ್ಶಿಯ ಬಳಿಗೆ. ಅಲ್ಲಿ ಮೊದಲು ಕೇಳುವುದು ಪಟ್ಟಿಯನ್ನು. ಅಂಗಡಿಯ ಹೆಸರು, ಲೈಸೆನ್ಸ್, ಲಾಟ್ ನಂಬರ್, ತಾರೀಖು, ತೂಕ, ದರ ಇಲ್ಲದ ಕಾಗದದಿಂದ ಯಾರ ಮೇಲೂ ಏನನ್ನೂ ಸಾಧಿಸಲಾಗದು.

ಹತ್ತಿಯದು ಇನ್ನೂ ಒಂದು ಕೈ ಮೇಲು. 2017ರ ನವೆಂಬರ್ 15ರಿಂದ ರೈತನಿಂದ ಕಚ್ಚಾ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿಯೇ ಅದರ ಜಿಎಸ್‌ಟಿ ಕಟ್ಟಬೇಕು, ರೈತನ ಬಿಲ್ಲನ್ನು ತಾನೇ ಬರೆದುಕೊಳ್ಳಬೇಕು. ಅಂದರೆ ಶಹಾಪುರದ ಕಡೆ ರೈತ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಹಾಕಿದಾಗ ಅವನು ಮಾರಿದ ಮಾಲಿಗೆ ಕಾನೂನುಬದ್ಧ ಬಿಲ್ಲು ಒಂದು ಹುಟ್ಟುತ್ತದೆ, ಬರೆದವನು ಕೊಂಡವನು. ಅದರ ಒಂದು ಪ್ರತಿ ಕೇಳಿ ಪಡೆದು, ಅಜ್ಜನ ಹಾಗೆ ಟ್ರಂಕಿನಲ್ಲಿ ಇಡುವ ರೈತರು ಎಷ್ಟು ಮಂದಿಯೋ.