ಸುಸ್ತಿಗೂ ಒಂದು ಚರಿತ್ರೆಯಿದೆ

ದಿನವಿಡೀ ಹೊಲದಲ್ಲಿ ದುಡಿದು ಬಂದವನಿಗೆ ಆಗುವುದು ದಣಿವು. ಉಂಡು ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಅದು ಕಳೆಯುತ್ತದೆ. ಆದರೆ ಆರೋಗ್ಯ ಕಾರ್ಯಕ್ರಮಗಳಿಗೆ ಬರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ದಣಿವಲ್ಲ. 'ಜ್ವರವಿಲ್ಲ, ನೋವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಆದರೂ ಬೆಳಿಗ್ಗೆ ಏಳುವಾಗಲೇ ಸುಸ್ತು' ಎನ್ನುತ್ತಾರೆ. ಜಯನಗರದ ಗೃಹಿಣಿಯಾಗಲಿ, ಬನಶಂಕರಿಯ ನಿವೃತ್ತ ಮೇಷ್ಟರಾಗಲಿ, ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಕಂಪ್ಯೂಟರ್ ಉದ್ಯೋಗಿಯಾಗಲಿ, ಮಾತು ಮಾತ್ರ ಒಂದೇ. ಮನೆಯವರ ಉತ್ತರವೂ ಹೆಚ್ಚುಕಡಿಮೆ ಒಂದೇ. 'ಒಂದು ಟಾನಿಕ್ ತಗೊಳ್ಳಿ' ಅಥವಾ 'ಸೋಮಾರಿತನ ಬಿಡಿ'.

ಸೋಮಾರಿಗೆ ಕನ್ನಡದಲ್ಲಿ ಮೈಗಳ್ಳ ಎಂಬ ಮಾತಿದೆ. ಕೆಲಸಕ್ಕೆ ಒಡ್ಡಬೇಕಾದ ಮೈಯನ್ನೇ ಕದ್ದಿಟ್ಟುಕೊಳ್ಳುವವನು ಎಂದು ಅದರ ಧ್ವನಿ. ಆದರೆ ಸುಸ್ತಿನ ಚರಿತ್ರೆಯನ್ನು ತಿರುವಿ ನೋಡಿದರೆ, ಕಳ್ಳ ಬೇರೆಲ್ಲೋ ಅಡಗಿದ್ದು, ಬೈಗುಳ ಮಾತ್ರ ಸುಸ್ತಾದವರ ಪಾಲಿಗೆ ಬಂದ ಸಂದರ್ಭಗಳು ಒಂದೆರಡಲ್ಲ. ಕಾರಣ ತಿಳಿದ ಪ್ರತಿ ಸಲವೂ ಒಂದು ಆರೋಪ ಬಿದ್ದುಹೋಗಿದೆ. ಆ ಕತೆಯನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಮೊದಲು ರಕ್ತದ ವಿಚಾರ. ಮೈ ಬಿಳಿಚಿಕೊಂಡು ನಿಶ್ಶಕ್ತಿ ಬರುವ ಸ್ಥಿತಿಯನ್ನು ಆಯುರ್ವೇದ ಪಾಂಡುರೋಗವೆಂದು ಗುರುತಿಸಿತ್ತು. ಚರಕಸಂಹಿತೆಯಲ್ಲಿ ಇದಕ್ಕೆ ಕಬ್ಬಿಣ ಬೆರೆತ ಔಷಧಿಗಳನ್ನು ಹೇಳಿದೆ. ಯುರೋಪಿನಲ್ಲಿ ಇಂಥದೇ ಲಕ್ಷಣಗಳು ಹರೆಯದ ಹುಡುಗಿಯರಲ್ಲಿ ಕಂಡಾಗ ಕಾರಣವನ್ನು ಅವರ ಕನ್ಯಾವಸ್ಥೆಯಲ್ಲಿ ಹುಡುಕಿದರು. 1554ರಲ್ಲಿ ಜರ್ಮನಿಯ ವೈದ್ಯ ಯೊಹಾನೆಸ್ ಲಾಂಗೆ ಇದನ್ನು ಕನ್ಯೆಯರ ರೋಗವೆಂದು ಕರೆದು, ಮದುವೆಯೇ ಇದಕ್ಕೆ ಮದ್ದೆಂದು ಬರೆದ. 'ಮದುವೆಯಾದರೆ ಎಲ್ಲಾ ಸರಿಹೋಗುತ್ತೆ' ಎಂಬ ನಮ್ಮ ಹಿರಿಯರ ಮಾತು ಅಲ್ಲಿಯೂ ಇತ್ತೆಂದಾಯಿತು! ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಸಿಡೆನ್‌ಹ್ಯಾಂ ಕಬ್ಬಿಣವನ್ನು ಕೊಟ್ಟು ಗುಣ ಕಂಡ. 1832ರಲ್ಲಿ ಫ್ರಾನ್ಸಿನ ಬ್ಲೋ ಎಂಬ ವೈದ್ಯ ಕಬ್ಬಿಣದ ಮಾತ್ರೆಯನ್ನೇ ಬಳಕೆಗೆ ತಂದ. ಹುಡುಗಿಯರಿಗೆ ಬೇಕಾಗಿದ್ದುದು ವರನಲ್ಲ, ಕಬ್ಬಿಣ.

ಎರಡನೆಯ ಕಳ್ಳ ಕೊಕ್ಕೆಹುಳು. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರು ಹುಟ್ಟು ಸೋಮಾರಿಗಳೆಂದು ಉತ್ತರದವರು ಮೂದಲಿಸುತ್ತಿದ್ದ ಕಾಲವೊಂದಿತ್ತು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ಅವರ ಕರುಳಿನಲ್ಲಿ ಕೊಕ್ಕೆಹುಳು ಇರುವುದನ್ನು ಎತ್ತಿ ತೋರಿಸಿದ. ಪತ್ರಿಕೆಗಳು ಅದನ್ನು 'ಸೋಮಾರಿತನದ ರೋಗಾಣು' ಎಂದು ಹಾಸ್ಯ ಮಾಡಿದವು. ಆದರೆ ವಿಷಯ ಹಾಸ್ಯದ್ದಾಗಿರಲಿಲ್ಲ. ಮಲ ಬಿದ್ದ ಮಣ್ಣಿನಲ್ಲಿ ಬೆಳೆಯುವ ಮರಿಹುಳುಗಳು ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತವೆ, ಕರುಳನ್ನು ಕಚ್ಚಿ ಹಿಡಿದು ದಿನದಿನವೂ ರಕ್ತ ಹೀರುತ್ತವೆ. ಒಂದು ಹುಳು ಕುಡಿಯುವುದು ಅತ್ಯಲ್ಪ. ನೂರಾರು ಸೇರಿದರೆ ಆಳು ಕುಸಿಯುತ್ತಾನೆ. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಈ ಹುಳುವಿನ ನಿರ್ಮೂಲನೆಗೆ ಆಯೋಗವನ್ನೇ ಸ್ಥಾಪಿಸಿದ.

ಆ ಹಣ, ಆ ಅನುಭವ ನಮ್ಮ ಕಡೆಗೂ ಬಂತು. 1920ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳುವಿನ ಸಮೀಕ್ಷೆ ನಡೆಸಿತು. ಅದೇ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಈ ಪ್ರತಿಷ್ಠಾನದ ನೆರವು ಪಡೆದು ಸಾರ್ವಜನಿಕ ಆರೋಗ್ಯದ ಕೆಲಸವನ್ನು ಹೊಸದಾಗಿ ಕಟ್ಟತೊಡಗಿತು. ಮುಂದೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವೊಂದು ತಲೆಯೆತ್ತಿತು. ಶೌಚಾಲಯ, ಚಪ್ಪಲಿ, ಜಂತುಹುಳುವಿನ ಔಷಧಿ ಇವು ಮೂರೂ ಸೋಮಾರಿತನದ ಔಷಧಿಗಳೆಂದು ಆಗ ಯಾರೂ ಹೆಸರಿಡಲಿಲ್ಲ. ಆದರೆ ಅವು ಮಾಡಿದ ಕೆಲಸ ಅದೇ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಿರುವ ಮಾತ್ರೆ ಈ ಸರಪಳಿಯ ಇತ್ತೀಚಿನ ಕೊಂಡಿ.

ಕಬ್ಬಿಣ ಕೊಟ್ಟರೂ ಗುಣವಾಗದ ರಕ್ತಹೀನತೆಯೂ ಇತ್ತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಕೆಲಸಗಾರ್ತಿಯರು ಗರ್ಭಿಣಿಯರಾದಾಗ ತೀವ್ರ ರಕ್ತಹೀನತೆಗೆ ಗುರಿಯಾಗುತ್ತಿದ್ದರು. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿಯೂ ಕೆಲಸ ಮಾಡಿದ ವಿಲ್ಸ್, ಮಾರ್ಮೈಟ್ ಎಂಬ ಯೀಸ್ಟಿನ ಸಾರ ತಿನ್ನಿಸಿದರೆ ಈ ಹೆಂಗಸರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ವಸ್ತುವೇ ಫೋಲಿಕ್ ಆಮ್ಲ, ಸೊಪ್ಪಿನಲ್ಲಿ ಹೇರಳವಾಗಿರುವಂಥದು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡಕ್ಕೆ ಮಾರ್ಗದರ್ಶಿಯಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಇಲ್ಲಿಯೇ ಚರಿತ್ರೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. 1940ರ ದಶಕದಲ್ಲಿ, ಆಗ ಮಾರಕವೆಂದೇ ಹೆಸರಾಗಿದ್ದ ಇನ್ನೊಂದು ಬಗೆಯ ರಕ್ತಹೀನತೆಗೂ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ರಕ್ತವೇನೋ ಸುಧಾರಿಸಿತು, ನರಗಳು ಮಾತ್ರ ಕೆಡುತ್ತಲೇ ಹೋದವು. ಏಕೆಂದರೆ ಅಲ್ಲಿ ಕೊರತೆಯಾಗಿದ್ದುದು ಬೇರೆಯದೇ ವಸ್ತು. 1926ರಲ್ಲಿ ಮೈನಟ್ ಮತ್ತು ಮರ್ಫಿ ಪಿತ್ತಜನಕಾಂಗವನ್ನು, ಎಂದರೆ ಲಿವರನ್ನು, ತಿನ್ನಿಸಿ ಈ ರೋಗಿಗಳನ್ನು ಉಳಿಸಿದ್ದರು. ಅದರೊಳಗಿನ ಸಾರವಾದ ಬಿ-12 ಜೀವಸತ್ವವನ್ನು 1948ರಲ್ಲಿ ಕೆಂಪು ಹರಳಾಗಿ ಬೇರ್ಪಡಿಸಿದರು. ಯಾವ ಕೊರತೆಯೆಂದು ತಿಳಿಯದೆ ಟಾನಿಕ್ ಕುಡಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅದೇ 1948ರಲ್ಲಿ ನಮ್ಮ ಜಯನಗರ ಬಡಾವಣೆಗೆ ಅಡಿಗಲ್ಲು ಬಿತ್ತೆಂಬುದು ಕಾಕತಾಳೀಯ. ಆದರೆ ಆ ಕೆಂಪು ಹರಳಿಗೂ ಈ ಬಡಾವಣೆಯ ಅಡಿಗೆಮನೆಗಳಿಗೂ ಸಂಬಂಧವಿಲ್ಲದಿಲ್ಲ. ಬಿ-12 ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಶುದ್ಧ ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಅದರ ಮುಖ್ಯ ಮೂಲ. ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ತಲೆತಲಾಂತರದಿಂದ ಸಸ್ಯಾಹಾರ. ಅಲ್ಲಿ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ನೀರು ಮಜ್ಜಿಗೆಯಲ್ಲಿ ಊಟ ಮುಗಿಸುವ ತಾಯಿಗೆ ಈ ಜೀವಸತ್ವ ಎಷ್ಟು ಸಿಕ್ಕೀತು? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ ಬಿ-12 ಕಡಿಮೆಯಾಗಬಹುದು. ಸುಸ್ತಿನ ಜೊತೆಗೆ ಅಂಗಾಲು ಜೋಮು ಹಿಡಿಯುವುದು, ನಾಲಿಗೆ ಉರಿಯುವುದು, ಮರೆವು ಇವು ಅದರ ಸುಳಿವುಗಳು.

ಕಬ್ಬಿಣದ ಕತೆಯಲ್ಲಿ ನಮ್ಮ ಫಿಲ್ಟರ್ ಕಾಫಿಗೂ ಒಂದು ಪಾತ್ರವಿದೆ. ಕಾಫಿ, ಚಹಾಗಳಲ್ಲಿರುವ ಕೆಲವು ವಸ್ತುಗಳು ಸೊಪ್ಪು, ಕಾಳು, ರಾಗಿಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ನಿಂಬೆರಸ ಇದಕ್ಕೆ ವಿರುದ್ಧವಾಗಿ ನೆರವಾಗುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡಿದವರು ಜಾಣರು. ಊಟದ ಮೇಲೆ ತಕ್ಷಣ ಲೋಟ ಕಾಫಿ ಹೀರುವವರು ಗಳಿಸಿದ್ದನ್ನು ಕಳೆದುಕೊಳ್ಳುತ್ತಾರೆ. ಗಂಟೆ, ಎರಡು ಗಂಟೆ ಬಿಟ್ಟು ಕುಡಿದರೆ ಒಳಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು. ಆದ್ದರಿಂದ ಇದು ಸಣ್ಣ ಮಾತಲ್ಲ.

ಮೂರನೆಯ ಕಳ್ಳ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ. ಅದು ಮಂದವಾದರೆ ಚಳಿ ತಡೆಯದು, ಮೈ ಭಾರವಾಗುತ್ತದೆ, ಮಾತು ನಡೆ ಎಲ್ಲ ನಿಧಾನವಾಗುತ್ತವೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ, ಇದರಿಂದ ಬಳಲುತ್ತಿದ್ದ ಒಬ್ಬ ಮಹಿಳೆಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ನಮ್ಮಲ್ಲಿ 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡವನ್ನು ತಗ್ಗಿಸಿ ತೋರಿಸಿದರು. ಇಂದು ನಗರಗಳಲ್ಲಿ ಥೈರಾಯ್ಡ್ ಮಾಂದ್ಯಕ್ಕೆ ಹೆಚ್ಚಾಗಿ ಕಾರಣವಾಗುವುದು ಅಯೋಡಿನ್ ಕೊರತೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಪರೀಕ್ಷೆ ಸುಲಭ, ಮಾತ್ರೆ ಅಗ್ಗ. ಆದರೆ ಆ ಮಾತ್ರೆಯನ್ನೂ ಬೆಳಗಿನ ಕಾಫಿಯ ಜೊತೆ ನುಂಗಬಾರದು.

ಇಷ್ಟೆಲ್ಲ ಪರೀಕ್ಷೆ ಮಾಡಿಸಿ, 'ರಿಪೋರ್ಟ್ ಎಲ್ಲಾ ನಾರ್ಮಲ್' ಎಂದು ಬಂದರೆ? ಹಳೆಯ ಆರೋಪ ಮತ್ತೆ ಹೆಡೆಯೆತ್ತುವುದು ಇಲ್ಲಿಯೇ. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ಇಂಥ ಸುಸ್ತಿಗೆ ನರದೌರ್ಬಲ್ಯವೆಂಬ ಅರ್ಥದ ಹೆಸರು ಕೊಟ್ಟು, ರೈಲು, ತಂತಿ, ಪತ್ರಿಕೆಗಳ ಅವಸರದ ಬದುಕೇ ಕಾರಣವೆಂದ. ಆ ಹೆಸರು ವೈದ್ಯಶಾಸ್ತ್ರದಲ್ಲಿ ಹಿಂದೆ ಸರಿಯಿತು. ನಮ್ಮ ಟಾನಿಕ್ ಜಾಹೀರಾತುಗಳಲ್ಲಿ ಮಾತ್ರ ಬಹುಕಾಲ ಉಳಿಯಿತು.

ಜಯನಗರದ ಪಕ್ಕದಲ್ಲೇ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ ರಘುರಾಮ್, ಚನ್ನಬಸವಣ್ಣ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಖಿನ್ನತೆ, ಕಳಂಕ, ದೈಹಿಕ ದೂರುಗಳು ಇವುಗಳ ನಡುವಿನ ನಂಟನ್ನು ಅದು ಪರಿಶೀಲಿಸಿತು. ಮನಸ್ಸಿನ ದುಃಖವನ್ನು ಹೇಳಿಕೊಂಡವರಿಗೆ ಜನ ಏನೆನ್ನುವರೋ ಎಂಬ ಅಳುಕು ಹೆಚ್ಚು. ಮೈಯ ನೋವು, ನಿಶ್ಶಕ್ತಿಗಳನ್ನು ಹೇಳಿದವರಿಗೆ ಅದು ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. 'ಬೇಜಾರು' ಎನ್ನಲಾಗದ ಸೊಸೆ 'ಸುಸ್ತು' ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಖಿನ್ನತೆಯಲ್ಲಿ ಮೈಯೂ ನಿಜವಾಗಿ ಸೋಲುತ್ತದೆ.

ನೆರೆಯ ಗೋವಾದಲ್ಲಿ 18ರಿಂದ 50 ವರ್ಷದ ಸುಮಾರು 2,500 ಮಹಿಳೆಯರನ್ನು ವಿಚಾರಿಸಿ 2005ರಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೂರಕ್ಕೆ 12 ಮಂದಿಗೆ ಆರು ತಿಂಗಳಿಗೂ ಮೀರಿದ ಸುಸ್ತು. ಅಚ್ಚರಿಯೆಂದರೆ ಅವರ ಹಿಮೋಗ್ಲೋಬಿನ್ ಮಟ್ಟಕ್ಕೂ ಆ ಸುಸ್ತಿಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಬಡತನ, ಮನಸ್ಸಿನ ಬಳಲಿಕೆ ಮತ್ತು ಗಂಡನ ದೌರ್ಜನ್ಯಗಳ ಜೊತೆ. ರಕ್ತಹೀನತೆ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ರಕ್ತದ ವರದಿ ಮನೆಯ ವರದಿಯಲ್ಲ, ಅಷ್ಟೆ.

ನಿದ್ದೆಯನ್ನೂ ಮರೆಯಬಾರದು. ಗೊರಕೆಯನ್ನು ಸುಖನಿದ್ರೆಯ ಗುರುತೆಂದು ನಾವು ಬಗೆಯುತ್ತೇವೆ. ಆದರೆ ಕೆಲವರಲ್ಲಿ ಗೊರಕೆಯ ನಡುವೆ ಉಸಿರೇ ಕಟ್ಟಿ, ಅವರಿಗೇ ತಿಳಿಯದಂತೆ ರಾತ್ರಿಯಲ್ಲಿ ಹಲವಾರು ಸಲ ನಿದ್ದೆ ಮುರಿಯುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಇದಕ್ಕೆ ಮೂಗಿನ ಮೂಲಕ ಗಾಳಿಯೊತ್ತಡ ಕೊಡುವ ಯಂತ್ರವನ್ನು ಪ್ರಕಟಪಡಿಸಿದ. ರಾತ್ರಿ ಪಾಳಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಸಂದಣಿ, ಮಧ್ಯರಾತ್ರಿಯವರೆಗೂ ಕೈಯಲ್ಲಿರುವ ಮೊಬೈಲ್ ಇವು ಬಿ.ಟಿ.ಎಂ., ಜೆ.ಪಿ. ನಗರಗಳ ಯುವಕರ ನಿದ್ದೆಯನ್ನು ಬೇರೆ ಬಗೆಯಲ್ಲಿ ಕದಿಯುತ್ತಿವೆ.

ಕೊನೆಗೆ, ಇನ್ನೂ ಪೂರ್ತಿ ಬಿಡಿಸಲಾಗದ ಒಗಟೂ ಉಳಿದಿದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1955ರಲ್ಲಿ ನೂರಾರು ಸಿಬ್ಬಂದಿ ಒಮ್ಮೆಲೇ ಬಳಲಿ ಬಿದ್ದರು. ಅದು ಸಾಮೂಹಿಕ ಉನ್ಮಾದವೆಂದು 1970ರಲ್ಲಿ ಇಬ್ಬರು ಮನೋವೈದ್ಯರು ಬರೆದರು; ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರೆಂಬುದೂ ಅವರ ವಾದದ ಒಂದು ಆಧಾರ! 2020ರ ಕೋವಿಡ್ ನಂತರ, ಸೋಂಕು ಹೋದರೂ ತಿಂಗಳುಗಟ್ಟಲೆ ಬಿಡದ ಸುಸ್ತನ್ನು ಜಗತ್ತೇ ಕಂಡಿತು. ಅಂಥವರನ್ನು ನಂಬುವುದು ಈಗ ಸ್ವಲ್ಪ ಸುಲಭವಾಗಿದೆ.

ಹಾಗಾದರೆ ಓದುಗರು ಮಾಡಬೇಕಾದುದೇನು? ಸುಸ್ತು ಕೆಲವು ವಾರಗಳಿಗೆ ಮೀರಿ ಉಳಿದರೆ ವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ-12, ಥೈರಾಯ್ಡ್, ಸಕ್ಕರೆ ಇವುಗಳ ಪರೀಕ್ಷೆ ಬೇಕೇ ಎಂದು ಕೇಳಿ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಏದುಸಿರು, ಎದೆನೋವು ಇದ್ದರೆ ತಡಮಾಡಬೇಡಿ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆಯಾಗಿದ್ದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಿಸಲೇಬೇಕು. ಅಂಗಡಿಯ ಕಬ್ಬಿಣದ ಟಾನಿಕ್ ಕುಡಿದು ಸುಮ್ಮನಾಗಬಾರದು. ವೈದ್ಯರ ಮುಂದೆ ನಿದ್ದೆಯ ಬಗ್ಗೆ, ಮನಸ್ಸಿನ ಬಗ್ಗೆ, ಮನೆಯ ಕೆಲಸ ಯಾರ ಹೆಗಲ ಮೇಲಿದೆ ಎನ್ನುವುದರ ಬಗ್ಗೆಯೂ ಬಾಯಿ ಬಿಟ್ಟು ಹೇಳಿ.

ಮನೆಯಲ್ಲಿ ಯಾರಾದರೂ 'ಸುಸ್ತು' ಎಂದರೆ ಮೈಗಳ್ಳತನವೆಂದು ತೀರ್ಪು ಕೊಡುವ ಮುನ್ನ, ಆ ಮೈಯಿಂದ ಕದಿಯುತ್ತಿರುವವರು ಯಾರೆಂದು ಒಮ್ಮೆ ಹುಡುಕೋಣ. ಕೆಲವೊಮ್ಮೆ ಆ ಕಳ್ಳ ಹುಳುವಾಗಿರುತ್ತದೆ, ಕೆಲವೊಮ್ಮೆ ಗ್ರಂಥಿಯಾಗಿರುತ್ತದೆ. ಕೆಲವೊಮ್ಮೆ, ಹಾಗೆ ಬೈಯುತ್ತಿರುವ ನಾವೇ ಆಗಿರುತ್ತೇವೆ.