ವಿಶ್ವಾಸಿಗಳಲ್ಲದವರ ಮೂಲಕ ದೇವರ ಕಾರ್ಯ (ಬೈಬಲ್)

ಇಸ್ರಾಯೇಲಿನ ದೇವರನ್ನು ಅರಿಯದವರ ಮೂಲಕ, ಅಥವಾ ಕ್ರಿಸ್ತನಲ್ಲಿ ನಂಬಿಕೆಯಿಡದವರ ಮೂಲಕ ದೇವರು ತನ್ನ ಸಂಕಲ್ಪವನ್ನು ನೆರವೇರಿಸುತ್ತಾನೆಯೇ ಎಂಬುದು ಕ್ರೈಸ್ತ ದೇವತಾಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಬೈಬಲ್‌ನ ಹಳೆಯ ಮತ್ತು ಹೊಸ ಒಡಂಬಡಿಕೆಗಳೆರಡೂ ಇದಕ್ಕೆ ಹೌದೆಂದೇ ಉತ್ತರಿಸುತ್ತವೆ. ಪಾರಸಿಯ ರಾಜ ಕೋರೆಷ, ಬಾಬೆಲಿನ ನೆಬೂಕದ್ನೆಚ್ಚರ, ಕಣಿಗಾರ ಬಿಳಾಮ, ಮಹಾಯಾಜಕ ಕಾಯಫ ಮೊದಲಾದವರ ವೃತ್ತಾಂತಗಳು ಇದಕ್ಕೆ ನಿದರ್ಶನಗಳು. ಆದರೆ ದೇವರ ಕೈಯಲ್ಲಿ ಸಾಧನವಾಗುವುದು ಒಂದು, ದೇವರ ಮೆಚ್ಚಿಕೆಗೆ ಪಾತ್ರವಾಗುವುದು ಇನ್ನೊಂದು ಎಂಬ ಭೇದವನ್ನು ಇದೇ ಗ್ರಂಥಗಳು ಕಾಪಾಡಿಕೊಂಡು ಬಂದಿವೆ. ನಂತರದ ಶತಮಾನಗಳ ವಿವಾದಗಳಲ್ಲಿ ಹಲವು ಈ ಭೇದವನ್ನು ಮರೆತುದರಿಂದ ಹುಟ್ಟಿದವು.

ಪದಗಳ ಬಳಕೆ

‘ಅವಿಶ್ವಾಸಿ’ ಎಂಬ ಪದ ಹೊಸ ಒಡಂಬಡಿಕೆಯದು. ಪೌಲನ ಪತ್ರಗಳಲ್ಲಿ ಅದು ಕ್ರಿಸ್ತನನ್ನು ಒಪ್ಪದವರನ್ನು ಸೂಚಿಸುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಈ ವಿಂಗಡಣೆ ಇಲ್ಲ. ಅಲ್ಲಿನ ಗೆರೆ ಇಸ್ರಾಯೇಲು ಮತ್ತು ‘ಅನ್ಯಜನಾಂಗಗಳ’ ನಡುವಿನದು. ಅನ್ಯಜನಾಂಗಕ್ಕೆ ಸೇರಿದವನು ತನ್ನ ನಾಡಿನ ದೇವತೆಗಳನ್ನು ಪೂಜಿಸುವುದನ್ನು ಆ ಕಾಲದವರು ಸಹಜವೆಂದೇ ಎಣಿಸಿದ್ದರು. ಆದ್ದರಿಂದ ಕೋರೆಷನನ್ನು ಇಂದಿನ ಅರ್ಥದಲ್ಲಿ ನಾಸ್ತಿಕನೆಂದಾಗಲಿ ಧರ್ಮವಿರೋಧಿಯೆಂದಾಗಲಿ ಕರೆಯುವುದು ಸರಿಯಾಗದು. ಅವನು ಬೇರೆ ದೇವರುಗಳ ಭಕ್ತ, ಅಷ್ಟೆ.

ಕೋರೆಷ

ಈ ವಿಷಯದ ಚರ್ಚೆ ಸಾಮಾನ್ಯವಾಗಿ ಆರಂಭವಾಗುವುದು ಕೋರೆಷನಿಂದ. ಇತಿಹಾಸದಲ್ಲಿ ಇಮ್ಮಡಿ ಸೈರಸ್ ಎಂದು ಪ್ರಸಿದ್ಧನಾದ ಈತ ಅಕಮೇನಿಡ್ ಸಾಮ್ರಾಜ್ಯದ ಸ್ಥಾಪಕ. ಕ್ರಿ.ಪೂ. 539ರಲ್ಲಿ ಈತನ ಸೈನ್ಯ ಬಾಬೆಲನ್ನು ವಶಪಡಿಸಿಕೊಂಡಿತು. ಅಲ್ಲಿ ಸೆರೆಯಲ್ಲಿದ್ದ ಯೆಹೂದ್ಯರಿಗೆ ಸ್ವದೇಶಕ್ಕೆ ಮರಳಿ ದೇವಾಲಯವನ್ನು ಪುನಃ ಕಟ್ಟಲು ಈತ ಅಪ್ಪಣೆ ಕೊಟ್ಟನೆಂದು ಎಜ್ರನ ಗ್ರಂಥ ತಿಳಿಸುತ್ತದೆ. ನೆಬೂಕದ್ನೆಚ್ಚರನು ಸೂರೆಮಾಡಿದ್ದ ದೇವಾಲಯದ 5,400 ಪಾತ್ರೆಗಳನ್ನು ಹಿಂದಿರುಗಿಸಿದ ಲೆಕ್ಕವೂ ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿದೆ.

ಯೆಶಾಯನ ಗ್ರಂಥವು ಕೋರೆಷನನ್ನು ಯೆಹೋವನ ಮಂದೆಪಾಲಕನೆಂದು (44:28), ಮರುವಚನದಲ್ಲೇ ಆತನ ಅಭಿಷಿಕ್ತನೆಂದು (45:1) ಕರೆಯುತ್ತದೆ. ಮೂಲ ಹೀಬ್ರೂವಿನಲ್ಲಿ ಇಲ್ಲಿರುವುದು ‘ಮೆಸ್ಸೀಯ’ ಎಂಬ ಪದವೇ. ಅದು ಸೌಲ, ದಾವೀದ ಮುಂತಾದ ಇಸ್ರಾಯೇಲಿನ ಅರಸರಿಗೂ ಯಾಜಕರಿಗೂ ಸಲ್ಲುತ್ತಿದ್ದ ಬಿರುದು. ಗ್ರೀಕ್ ಭಾಷಾಂತರವಾದ ಸೆಪ್ಟುವಜಿಂಟ್ ಇದೇ ಸ್ಥಳದಲ್ಲಿ ‘ಕ್ರಿಸ್ತ’ ಎಂಬ ಪದವನ್ನು ಬಳಸಿದೆ. ಅರಾಮ್ಯನಾದ ಹಜಾಯೇಲನನ್ನು ಅಭಿಷೇಕಿಸೆಂದು ಪ್ರವಾದಿ ಎಲೀಯನಿಗೆ ಆಜ್ಞೆಯಾಗಿದ್ದುಂಟು (1 ಅರಸುಗಳು 19:15). ಆದರೆ ‘ಅಭಿಷಿಕ್ತ’ ಎಂಬ ಬಿರುದನ್ನೇ ಪಡೆದ ಅನ್ಯದೇಶೀಯ ಅರಸ ಹೀಬ್ರೂ ಬೈಬಲ್‌ನಲ್ಲಿ ಕೋರೆಷನೊಬ್ಬನೇ.

ಇಷ್ಟು ದೊಡ್ಡ ಬಿರುದನ್ನು ಕೊಟ್ಟ ಅದೇ ಭಾಗ, ಕೋರೆಷನು ಯೆಹೋವನನ್ನು ಅರಿತವನಲ್ಲವೆಂದು ಒಂದರ ಹಿಂದೆ ಒಂದರಂತೆ ಎರಡು ವಚನಗಳಲ್ಲಿ ಹೇಳುತ್ತದೆ (45:4–5). ಯಾಕೋಬನ ನಿಮಿತ್ತವಾಗಿಯೇ ಅವನನ್ನು ಹೆಸರು ಹಿಡಿದು ಕರೆಯಲಾಗಿದೆಯೇ ಹೊರತು ಅವನ ಭಕ್ತಿಯನ್ನು ಕಂಡಲ್ಲ.

ಕೇಳುಗರಿಗೆ ಇದು ರುಚಿಸಿರಲಿಕ್ಕಿಲ್ಲ. ಸಹೋದರನಲ್ಲದ ಪರದೇಶೀಯನನ್ನು ಅರಸನನ್ನಾಗಿ ಮಾಡಿಕೊಳ್ಳಬಾರದೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ (ಧರ್ಮೋಪದೇಶಕಾಂಡ 17:15). ಜನರು ಎದುರುನೋಡುತ್ತಿದ್ದುದು ದಾವೀದನ ವಂಶದ ವಿಮೋಚಕನನ್ನು. ಕೋರೆಷನ ಪ್ರಸ್ತಾಪದ ಬೆನ್ನಲ್ಲೇ ಬರುವ ಕುಂಬಾರ ಮತ್ತು ಜೇಡಿಮಣ್ಣಿನ ರೂಪಕದಲ್ಲಿ (45:9–13), ಏನು ಮಾಡುತ್ತಿರುವೆ ಎಂದು ಮಣ್ಣು ಕುಂಬಾರನನ್ನು ಪ್ರಶ್ನಿಸಬಹುದೇ ಎಂಬ ಗದರಿಕೆಯಿದೆ. ಪರಕೀಯ ಅರಸನ ಮೂಲಕ ಬಿಡುಗಡೆ ಬರುವುದನ್ನು ಆಕ್ಷೇಪಿಸಿದ ಸೆರೆಯಾಳುಗಳಿಗೆ ಇದು ಉತ್ತರವೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅವರ ಅಭಿಪ್ರಾಯ ಸರಿಯಾದರೆ, ಈ ಲೇಖನದ ಪ್ರಶ್ನೆಯನ್ನು ಮೊದಲು ಎತ್ತಿದವರು ಬಾಬೆಲಿನ ಸೆರೆವಾಸಿಗಳೇ.

ಯೆಶಾಯ 40–55ನೇ ಅಧ್ಯಾಯಗಳು ಸೆರೆವಾಸದ ಕೊನೆಯ ವರ್ಷಗಳಲ್ಲಿ ಬೇರೊಬ್ಬ ಪ್ರವಾದಿಯಿಂದ ರಚಿತವಾದವೆಂಬುದು ವಿಮರ್ಶಕರಲ್ಲಿ ಬಹುಮತದ ನಿಲುವು. ಕ್ರಿ.ಪೂ. 8ನೆಯ ಶತಮಾನದ ಯೆಶಾಯನೇ ಕೋರೆಷನ ಹೆಸರನ್ನು ಮುಂಚಿತವಾಗಿ ನುಡಿದನೆಂಬುದು ಸಾಂಪ್ರದಾಯಿಕ ನಿಲುವು. ಕೋರೆಷನು ತನ್ನ ಕುರಿತಾದ ಆ ಪ್ರವಾದನೆಯನ್ನು ಓದಿಯೇ ಯೆಹೂದ್ಯರನ್ನು ಬಿಡುಗಡೆಮಾಡಿದನೆಂದು ಮೊದಲ ಶತಮಾನದ ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ.

ಮಣ್ಣಿನ ಉರುಳೆಯ ಸಾಕ್ಷ್ಯ

1879ರಲ್ಲಿ ಹೊರ್ಮುಜ್ದ್ ರಸ್ಸಾಮನ ನೇತೃತ್ವದ ಉತ್ಖನನದಲ್ಲಿ ಬಾಬಿಲೋನಿನ ಅವಶೇಷಗಳ ನಡುವೆ ಬೆಣೆಲಿಪಿಯ ಮಣ್ಣಿನ ಉರುಳೆಯೊಂದು ದೊರೆಯಿತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಇದನ್ನು ಸೈರಸ್ ಉರುಳೆ ಎನ್ನುತ್ತಾರೆ. ಬಾಬೆಲಿನ ದೇವತೆ ಮರ್ದೂಕನು ನೀತಿವಂತನಾದ ಅರಸನಿಗಾಗಿ ದೇಶದೇಶಗಳಲ್ಲಿ ಹುಡುಕಿ, ಸೈರಸನ ಕೈಹಿಡಿದು, ಅವನನ್ನು ಹೆಸರಿನಿಂದ ಕರೆದು ರಾಜ್ಯವನ್ನು ಕೊಟ್ಟನೆಂದು ಅದು ಸಾರುತ್ತದೆ. ಕೈಹಿಡಿಯುವುದು, ಹೆಸರು ಹಿಡಿದು ಕರೆಯುವುದು ಎಂಬ ಈ ಎರಡು ಮಾತುಗಳು ಯೆಶಾಯ 45ರಲ್ಲೂ ಇವೆ, ಅಲ್ಲಿ ಯೆಹೋವನ ಬಾಯಲ್ಲಿ. ಸ್ಥಳಾಂತರಗೊಂಡ ದೇವತಾಮೂರ್ತಿಗಳನ್ನೂ ಜನರನ್ನೂ ಸ್ವಸ್ಥಾನಕ್ಕೆ ಕಳುಹಿಸಿದ ವಿವರ ಉರುಳೆಯಲ್ಲಿದೆ. ಯೆಹೂದದ ಹೆಸರಾಗಲಿ ಯೆಹೋವನ ಹೆಸರಾಗಲಿ ಇಲ್ಲ.

ಎಜ್ರ 1:2ರಲ್ಲಿ ಇದೇ ರಾಜ, ಪರಲೋಕದ ದೇವರಾದ ಯೆಹೋವನೇ ತನಗೆ ಭೂರಾಜ್ಯಗಳನ್ನೆಲ್ಲ ಕೊಟ್ಟನೆಂದು ಘೋಷಿಸುತ್ತಾನೆ. ಆಯಾ ಜನಾಂಗವನ್ನು ಅದರದೇ ದೇವರ ಹೆಸರಿನಲ್ಲಿ ಸಂಬೋಧಿಸುವುದು ಪಾರಸಿಯ ರಾಜನೀತಿಯಾಗಿತ್ತೆಂದು ಇತಿಹಾಸಕಾರರು ಈ ಎರಡು ಮಾತುಗಳನ್ನು ಹೊಂದಿಸುತ್ತಾರೆ. ದೇವತಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಉರುಳೆಯು ಯೆಶಾಯನ ಮಾತನ್ನು ಅಲ್ಲಗಳೆಯುವುದಿಲ್ಲ. ಕೋರೆಷನು ತನ್ನನ್ನು ಕರೆದವನಾರೆಂದು ಅರಿಯನೆಂದು ಪ್ರವಾದಿ ಮೊದಲೇ ಹೇಳಿದ್ದಾನಷ್ಟೆ.

ಅಶ್ಶೂರ ಮತ್ತು ಬಾಬೆಲ್

ಕೋರೆಷನು ಬಿಡುಗಡೆಯ ಸಾಧನ. ಅವನಿಗಿಂತ ಮುಂಚಿನ ಇಬ್ಬರು ಸಾಧನಗಳಾದದ್ದು ದಂಡನೆಗೆ. ಯೆಶಾಯ 10:5–15ರಲ್ಲಿ ಅಶ್ಶೂರವು ದೇವರ ಕೋಪದ ಕೋಲು. ಆದರೆ ಅಶ್ಶೂರದ ಅರಸನ ಮನಸ್ಸಿನಲ್ಲಿರುವುದು ಸೂರೆ ಮತ್ತು ಸಂಹಾರ. ದೇವರ ಉದ್ದೇಶ ಅವನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕಡಿಯುವವನ ಮೇಲೆ ಕೊಡಲಿ ಮೆರೆಯಲಾಗದು ಎಂಬ ಅರ್ಥದ ಮಾತಿನಿಂದ ಪ್ರವಾದಿಯು ಅವನ ಗರ್ವಕ್ಕೂ ದಂಡನೆಯನ್ನು ವಿಧಿಸುತ್ತಾನೆ. ಒಂದೇ ಕೃತ್ಯದಲ್ಲಿ ದೇವರದೊಂದು ಉದ್ದೇಶ, ಮನುಷ್ಯನದೊಂದು ಉದ್ದೇಶ, ಮನುಷ್ಯನು ತನ್ನದಕ್ಕೆ ತಾನೇ ಹೊಣೆ: ಬೈಬಲ್‌ನಲ್ಲಿ ಈ ವಿಚಾರ ಇಷ್ಟು ಸ್ಪಷ್ಟವಾಗಿ ಮೂಡಿದ ಸ್ಥಳಗಳು ಹೆಚ್ಚಿಲ್ಲ. ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರಿಗೆ ಹೇಳುವ ಮಾತು (ಆದಿಕಾಂಡ 50:20) ಇದಕ್ಕೆ ಹತ್ತಿರದ್ದು.

ಯೆರೆಮೀಯನು ನೆಬೂಕದ್ನೆಚ್ಚರನನ್ನು ಯೆಹೋವನ ‘ಸೇವಕ’ನೆಂದು ಮೂರು ಕಡೆ ಕರೆಯುತ್ತಾನೆ (25:9, 27:6, 43:10). ಮೋಶೆ, ದಾವೀದರಿಗೆ ಸಲ್ಲುವ ಬಿರುದಿದು, ಈಗ ಯೆರೂಸಲೇಮನ್ನು ಸುಟ್ಟವನಿಗೆ ಸಂದಿದೆ. 25:9ರ ಗ್ರೀಕ್ ಪಾಠದಲ್ಲಿ ಈ ಪದ ಕಾಣಸಿಗುವುದಿಲ್ಲವೆಂಬುದು ಗಮನಾರ್ಹ. ಸೇವಕನೆನಿಸಿಕೊಂಡ ಮಾತ್ರಕ್ಕೆ ಬಾಬೆಲಿಗೆ ವಿನಾಯಿತಿಯೂ ಇಲ್ಲ: ಎಪ್ಪತ್ತು ವರ್ಷಗಳಾದ ಮೇಲೆ ಅದರ ಅಪರಾಧಕ್ಕೂ ಶಿಕ್ಷೆಯುಂಟೆಂದು 25:12 ಹೇಳುತ್ತದೆ.

ಹಬಕ್ಕೂಕನು ಇದನ್ನು ಮೌನವಾಗಿ ಒಪ್ಪಿಕೊಂಡವನಲ್ಲ. ತಮಗಿಂತ ನೀತಿವಂತರಾದವರನ್ನು ದುಷ್ಟರು ನುಂಗುತ್ತಿರುವಾಗ ಪರಿಶುದ್ಧನಾದ ದೇವರು ಸುಮ್ಮನಿರುವುದೇಕೆಂದು ಅವನು ನೇರವಾಗಿ ಕೇಳುತ್ತಾನೆ (1:13). ಅವನಿಗೆ ದೊರೆತ ಉತ್ತರ ವಿವರಣೆಯಲ್ಲ. ಕಾದಿರು ಎಂಬ ಅಪ್ಪಣೆ.

ಬಿಳಾಮ ಮತ್ತು ಇತರರು

ಇಸ್ರಾಯೇಲ್ಯರನ್ನು ಶಪಿಸಲು ಮೋವಾಬಿನ ಅರಸ ಬಾಲಾಕನು ಕರೆಸಿದ ಬಿಳಾಮನು ಶಪಿಸುವ ಬದಲು ಮತ್ತೆ ಮತ್ತೆ ಆಶೀರ್ವದಿಸುತ್ತಾನೆ. ದೇವರ ಆತ್ಮವು ಅವನ ಮೇಲೆ ಬಂತೆಂದು ಅರಣ್ಯಕಾಂಡ 24:2 ಹೇಳುತ್ತದೆ. ಆದರೂ ಅವನ ಅಂತ್ಯ ಇಸ್ರಾಯೇಲ್ಯರ ಕತ್ತಿಯಿಂದಲೇ (31:8), ಹೊಸ ಒಡಂಬಡಿಕೆಯಲ್ಲಿ ಅವನ ಹೆಸರು ದುರಾಶೆಗೆ ಉದಾಹರಣೆ. ಜೋರ್ಡಾನಿನ ದೇರ್ ಅಲ್ಲಾ ಎಂಬಲ್ಲಿ 1967ರಲ್ಲಿ ಸಿಕ್ಕಿದ ಗಾರೆಯ ಮೇಲಿನ ಬರಹವೊಂದು ಬೆಯೋರನ ಮಗನಾದ ಬಿಳಾಮನನ್ನು ದೇವತೆಗಳ ದರ್ಶಿಯೆಂದು ವರ್ಣಿಸಿದೆ. ಬೈಬಲ್‌ನ ಹೊರಗೂ ಅವನಿಗೆ ಖ್ಯಾತಿಯಿತ್ತೆಂಬುದಕ್ಕೆ ಇದು ಆಧಾರ.

ಕಡಿಮೆ ಪರಿಚಿತವಾದ ಪ್ರಸಂಗ ಐಗುಪ್ತದ ಅರಸ ನೆಕೋವಿನದು. ತನ್ನೊಡನೆ ಯುದ್ಧ ಬೇಡವೆಂದು ಅವನು ಯೆಹೂದದ ಭಕ್ತ ಅರಸ ಯೋಷೀಯನಿಗೆ ಹೇಳಿಕಳುಹಿಸಿದ ಮಾತು ದೇವರ ಬಾಯಿಂದಲೇ ಬಂದದ್ದೆಂದೂ ಯೋಷೀಯನು ಕಿವಿಗೊಡದೆ ಮೆಗಿದ್ದೋವಿನಲ್ಲಿ ಗಾಯಗೊಂಡು ಸತ್ತನೆಂದೂ 2 ಪೂರ್ವಕಾಲವೃತ್ತಾಂತ 35:20–24 ತಿಳಿಸುತ್ತದೆ. ಇಲ್ಲಿ ತಪ್ಪಿದವನು ವಿಶ್ವಾಸಿ.

ಇತ್ರೋ, ರಾಹಾಬ್, ರೂತ್, ನಾಮಾನರನ್ನೂ ಈ ಪಟ್ಟಿಗೆ ಸೇರಿಸುವುದುಂಟು. ಅವರೆಲ್ಲ ಇಸ್ರಾಯೇಲಿನ ದೇವರನ್ನು ಬಾಯಿಂದ ಒಪ್ಪಿಕೊಂಡವರಾದ್ದರಿಂದ ಅವರ ಕಥೆಗಳನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಹೊಸ ಒಡಂಬಡಿಕೆ

ನಜರೇತಿನ ಸಭಾಮಂದಿರದಲ್ಲಿ ಯೇಸು, ಬರಗಾಲದಲ್ಲಿ ಎಲೀಯನನ್ನು ದೇವರು ಕಳುಹಿಸಿದ್ದು ಇಸ್ರಾಯೇಲಿನ ವಿಧವೆಯರ ಬಳಿಗಲ್ಲ, ಸೀದೋನ್ಯರ ಚಾರೆಪ್ತದ ವಿಧವೆಯ ಬಳಿಗೆ ಎಂದು ನೆನಪಿಸುತ್ತಾನೆ. ಕೇಳಿದ ಊರಿನವರು ರೇಗಿ ಅವನನ್ನು ಗುಡ್ಡದಿಂದ ದೊಬ್ಬಲು ಹೊರಟರು (ಲೂಕ 4:25–30).

ಯೋಹಾನ 11:49–52ರಲ್ಲಿ ಕಾಯಫನು, ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಮೇಲೆಂದು ಸಲಹೆ ಕೊಡುತ್ತಾನೆ. ಅವನ ಲೆಕ್ಕ ರಾಜಕೀಯದ್ದು. ಅವನು ಆ ವರ್ಷದ ಮಹಾಯಾಜಕನಾದ್ದರಿಂದ ತನಗರಿಯದೆಯೇ ಪ್ರವಾದನೆ ನುಡಿದನೆಂದು ಸುವಾರ್ತೆ ವ್ಯಾಖ್ಯಾನಿಸುತ್ತದೆ. ಹೆರೋದ, ಪೊಂತ್ಯ ಪಿಲಾತರ ಕೃತ್ಯವೂ ದೇವರ ಪೂರ್ವಸಂಕಲ್ಪದೊಳಗೇ ಇತ್ತೆಂದು ಅಪೊಸ್ತಲರ ಕೃತ್ಯಗಳು 4:27–28 ಹೇಳುತ್ತದೆ. ನೀರೋ ಚಕ್ರವರ್ತಿಯ ಆಳ್ವಿಕೆಯಲ್ಲಿ ಬರೆದ ರೋಮಾಪುರದವರ ಪತ್ರದಲ್ಲಿ ಪೌಲನು ಅಧಿಕಾರಿಯನ್ನು ದೇವರ ಸೇವಕನೆಂದೇ ಕರೆದಿದ್ದಾನೆ (13:4).

ಇವೆಲ್ಲಕ್ಕೂ ಎದುರಾಗಿ ನಿಲ್ಲುವುದು ಮತ್ತಾಯ 7:22–23. ಯೇಸುವಿನ ಹೆಸರಿನಲ್ಲೇ ಪ್ರವಾದಿಸಿ, ದೆವ್ವ ಬಿಡಿಸಿ, ಮಹತ್ಕಾರ್ಯ ಮಾಡಿದವರಿಗೆ ಅಂತ್ಯದಲ್ಲಿ ಆತನು ನಿಮ್ಮ ಗುರುತೇ ನನಗಿಲ್ಲವೆನ್ನುವನು. ಕಾರ್ಯ ನಡೆದದ್ದನ್ನು ವಚನ ನಿರಾಕರಿಸುವುದಿಲ್ಲ. ಅದು ಮಾಡಿದವನ ಪರವಾಗಿ ಸಾಕ್ಷಿಯಾಗದು, ಅಷ್ಟೆ.

ಸಭೆಯ ಚಿಂತನೆ

ಎರಡನೆಯ ಶತಮಾನದ ಹುತಾತ್ಮ ಜಸ್ಟಿನ್, ದೈವಿಕ ವಾಕ್ಯಕ್ಕೆ ಅನುಗುಣವಾಗಿ ಬಾಳಿದ ಸಾಕ್ರಟೀಸ್, ಹೆರಾಕ್ಲಿಟಸ್ ಮೊದಲಾದವರನ್ನು ಕ್ರೈಸ್ತರೆಂದೇ ಎಣಿಸಿದನು. ಅಗಸ್ಟೀನನು ಅಷ್ಟು ದೂರ ಹೋಗಲಿಲ್ಲ. ಇಸ್ರಾಯೇಲ್ಯರು ಐಗುಪ್ತದಿಂದ ಬಂಗಾರವನ್ನು ತಂದಂತೆ ಅನ್ಯರ ವಿದ್ಯೆಯಲ್ಲಿರುವ ಸತ್ಯವನ್ನು ಸಭೆ ತನ್ನದಾಗಿಸಿಕೊಳ್ಳಬಹುದೆಂದನು. ಅಯೋಗ್ಯ ಯಾಜಕನು ಕೊಟ್ಟ ದೀಕ್ಷಾಸ್ನಾನವು ಸಿಂಧುವಲ್ಲವೆಂದ ಡೊನಾಟಿಸ್ಟರ ವಿರುದ್ಧ, ಸ್ನಾನವನ್ನು ನಿಜವಾಗಿ ಕೊಡುವವನು ಕ್ರಿಸ್ತನೆಂದು ವಾದಿಸಿದವನೂ ಅವನೇ. ಈ ವಾದವನ್ನು ಅದರ ತುದಿಯವರೆಗೆ ಒಯ್ದದ್ದು 1439ರ ಫ್ಲಾರೆನ್ಸ್ ಮಹಾಸಭೆ. ಸರಿಯಾದ ವಿಧಿ ಮತ್ತು ಸಭೆಯ ಉದ್ದೇಶವನ್ನು ನೆರವೇರಿಸುವ ಸಂಕಲ್ಪವಿದ್ದರೆ, ಅಗತ್ಯದ ಸಂದರ್ಭದಲ್ಲಿ ಕ್ರೈಸ್ತನಲ್ಲದವನು ಕೊಟ್ಟ ದೀಕ್ಷಾಸ್ನಾನವೂ ಸಿಂಧುವೆಂದು ಅದು ನಿರ್ಣಯಿಸಿತು. ಕಥೋಲಿಕ ಸಭೆಯಲ್ಲಿ ಇಂದಿಗೂ ಇದೇ ಬೋಧನೆ.

ಸುಧಾರಕ ಕ್ಯಾಲ್ವಿನ್, ಅನ್ಯರ ನ್ಯಾಯಶಾಸ್ತ್ರ, ವೈದ್ಯ, ಗಣಿತಗಳಲ್ಲಿ ಕಾಣುವ ಸತ್ಯವನ್ನು ಕಡೆಗಣಿಸುವುದು ದೇವರ ಆತ್ಮವನ್ನೇ ಅವಮಾನಿಸಿದಂತೆ ಎಂದು ವಾದಿಸಿದನು. ಇದನ್ನು ‘ಸಾಮಾನ್ಯ ಕೃಪೆ’ ಎಂಬ ಸಿದ್ಧಾಂತವಾಗಿ ವಿಸ್ತರಿಸಿದವನು ಡಚ್ ಚಿಂತಕ ಅಬ್ರಹಾಮ್ ಕೈಪರ್. 1924ರಲ್ಲಿ ಅಮೆರಿಕದ ಕ್ರಿಶ್ಚಿಯನ್ ರಿಫಾರ್ಮ್ಡ್ ಸಭೆ ಕಲಮಜೂ ನಗರದಲ್ಲಿ ಈ ಸಿದ್ಧಾಂತವನ್ನು ಅಂಗೀಕರಿಸಿದಾಗ, ಒಪ್ಪದ ಹರ್ಮನ್ ಹೂಕ್ಸಮಾ ಮತ್ತು ಅನುಯಾಯಿಗಳು ಹೊರಬಂದು ಬೇರೆ ಸಭೆಯನ್ನೇ ಕಟ್ಟಿದರು.

ಆಧುನಿಕ ರಾಜಕೀಯದಲ್ಲಿ

ಅಮೆರಿಕದಲ್ಲಿ 2016ರ ಚುನಾವಣೆಯ ಸಮಯದಿಂದ ಕೆಲವು ಇವಾಂಜೆಲಿಕಲ್ ಬೋಧಕರು ಡೊನಾಲ್ಡ್ ಟ್ರಂಪ್ ಅವರನ್ನು ಕೋರೆಷನಿಗೆ ಹೋಲಿಸಿದರು. 45ನೆಯ ಅಧ್ಯಕ್ಷ, ಯೆಶಾಯನ 45ನೆಯ ಅಧ್ಯಾಯ ಎಂಬ ಸಂಖ್ಯಾಸಾಮ್ಯವನ್ನೂ ಮುಂದಿಟ್ಟರು. ಅಧ್ಯಾಯಗಳ ಅಂಕೆಗಳು ಮಧ್ಯಯುಗದಲ್ಲಿ ಸೇರಿದವು. ಪ್ರವಾದಿಗೆ ಅವು ಗೊತ್ತಿರಲಿಲ್ಲ. 2018ರಲ್ಲಿ ಇಸ್ರೇಲಿನ ಒಂದು ಸಂಸ್ಥೆ ಇಬ್ಬರ ಮುಖಗಳನ್ನೂ ಮುದ್ರಿಸಿದ ಸ್ಮಾರಕ ನಾಣ್ಯವನ್ನು ಹೊರತಂದಿತು. ದೇವರು ಯಾರನ್ನಾದರೂ ಉಪಯೋಗಿಸಬಲ್ಲನೆಂಬುದರಿಂದ ಇಂಥವನನ್ನೇ ಬೆಂಬಲಿಸಬೇಕೆಂದು ಸಿದ್ಧವಾಗದು, ಅದೇ ತರ್ಕ ನೆಬೂಕದ್ನೆಚ್ಚರನಿಗೂ ಅನ್ವಯಿಸುತ್ತದೆ ಎಂಬುದು ಈ ಹೋಲಿಕೆಗೆ ಬಂದ ಆಕ್ಷೇಪಗಳಲ್ಲಿ ಬಲವಾದದ್ದು.

ಭಾರತದಲ್ಲಿ

ಇತರ ಧರ್ಮೀಯರ ನಡುವೆಯೇ ಬಾಳುವ ಭಾರತೀಯ ಕ್ರೈಸ್ತರಿಗೆ ಈ ಪ್ರಶ್ನೆ ಪ್ರಾಚೀನ ರಾಜರ ಕುರಿತಾದದ್ದಷ್ಟೇ ಅಲ್ಲ. 1961ರಲ್ಲಿ ನವದೆಹಲಿಯಲ್ಲಿ ನಡೆದ ಸಭೆಗಳ ವಿಶ್ವಮಂಡಳಿಯ ಅಧಿವೇಶನದಲ್ಲಿ ಪಿ. ಡಿ. ದೇವಾನಂದನ್, ಇತರ ಧರ್ಮಗಳಲ್ಲಿ ಕಾಣುವ ಪುನರುಜ್ಜೀವನವೂ ಪವಿತ್ರಾತ್ಮನ ಕಾರ್ಯಕ್ಕೆ ಮಾನವಚೇತನದ ಸ್ಪಂದನವೆಂಬುದನ್ನು ಕ್ರೈಸ್ತನು ಅಲ್ಲಗಳೆಯುವುದು ಕಷ್ಟವೆಂಬ ವಿಚಾರವನ್ನು ಮಂಡಿಸಿದರು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದವರು ಅವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಯನ ಮಾಡಿದ್ದ ರೈಮುಂಡೊ ಪಣಿಕ್ಕರ್ ತಮ್ಮ 1964ರ ಗ್ರಂಥದಲ್ಲಿ ಹಿಂದೂ ಧರ್ಮದೊಳಗಿನ ‘ಅಜ್ಞಾತ ಕ್ರಿಸ್ತ’ನ ಕುರಿತು ಬರೆದರು. ದೇವಾನಂದನ್ ಅವರ ಬಳಿಕ ಬೆಂಗಳೂರಿನ ಸಂಸ್ಥೆಯನ್ನು ನಡೆಸಿದ ಎಂ. ಎಂ. ಥಾಮಸ್ 1969ರ ತಮ್ಮ ಗ್ರಂಥದ ಶೀರ್ಷಿಕೆಯಲ್ಲಿ ‘ಅಜ್ಞಾತ’ದ ಬದಲು ‘ಅಂಗೀಕೃತ ಕ್ರಿಸ್ತ’ ಎಂಬರ್ಥದ ಪದವನ್ನು ಇಟ್ಟರು. ಸಭೆಯನ್ನು ಸೇರದೆಯೇ ಕ್ರಿಸ್ತನಿಗೆ ತಮ್ಮದೇ ರೀತಿಯಲ್ಲಿ ಸ್ಪಂದಿಸಿದ ರಾಮಮೋಹನ ರಾಯ್, ಕೇಶವಚಂದ್ರ ಸೇನ್, ವಿವೇಕಾನಂದ, ಗಾಂಧಿ ಮೊದಲಾದವರು ಆ ಗ್ರಂಥದ ವಸ್ತು.