ಪೋರ್ಟ್‌ಲ್ಯಾಂಡಿನ ಹಳೆಯ ಕ್ರಯಪತ್ರಗಳು

1857ರ ನವೆಂಬರ್ 9ರಂದು ಅಮೆರಿಕದ ಪಡುವಣ ಕರಾವಳಿಯ ಆರೆಗಾನ್ ಸೀಮೆಯ ಬಿಳಿಯ ಗಂಡಸರು ಮೂರು ಪ್ರಶ್ನೆಗಳಿಗೆ ಮತ ಹಾಕಿದರು. ಹೊಸ ರಾಜ್ಯಕ್ಕೆ ಬರೆದಿಟ್ಟ ಸಂವಿಧಾನ ಒಪ್ಪಿಗೆಯೇ ಎಂಬುದು ಮೊದಲನೆಯದು. ಒಪ್ಪಿದರು. ಎರಡನೆಯದರಲ್ಲಿ ಗುಲಾಮಗಿರಿ ಇರಲಿ ಎಂದವರು 2,645 ಮಂದಿ, ಬೇಡ ಎಂದವರು 7,727. ಇಲ್ಲಿಗೆ ಓದು ನಿಲ್ಲಿಸಿದರೆ ಹೆಮ್ಮೆಪಡುವ ಲೆಕ್ಕವೇ. ಆದರೆ ಮೂರನೆಯ ಪ್ರಶ್ನೆ ಉಳಿದಿತ್ತು. ಯಾರ ಗುಲಾಮರೂ ಅಲ್ಲದ, ಸ್ವತಂತ್ರರಾದ ಕಪ್ಪು ಜನ ಇಲ್ಲಿ ಬಂದು ನೆಲೆಸಬಹುದೇ? ಕೂಡದು ಎಂದವರು 8,640. ಬರಲಿ ಎಂದವರು 1,081.

ಗುಲಾಮಗಿರಿ ಬೇಡವೆಂದ ಕೈಗಳೇ, ಗುಲಾಮನಲ್ಲದವನು ನಮ್ಮ ಪಕ್ಕದ ಮನೆಗೆ ಬರುವುದೂ ಬೇಡವೆಂದು ಬರೆದವು. 1859ರಲ್ಲಿ ಆರೆಗಾನ್ ರಾಜ್ಯವಾದಾಗ, ಕಪ್ಪು ಜನ ಒಳಗೆ ಬರಬಾರದೆಂಬ ಮಾತನ್ನು ಸಂವಿಧಾನದಲ್ಲೇ ಇಟ್ಟುಕೊಂಡು ಒಕ್ಕೂಟ ಸೇರಿದ ಗುಲಾಮಗಿರಿಯಿಲ್ಲದ ರಾಜ್ಯ ಅದೊಂದೇ.

ನಾನು ಹಾಸನ ಜಿಲ್ಲೆಯವಳು. ಈಗಿರುವುದು ಅದೇ ಆರೆಗಾನಿನಲ್ಲಿ. ಹಿಲ್ಸ್‌ಬರೊದ ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಬಂದು ಪೋರ್ಟ್‌ಲ್ಯಾಂಡಿನ ಪಕ್ಕದ ಬೀವರ್ಟನ್ನಿನಲ್ಲಿ ಮನೆ ಮಾಡಿದವಳು. ಈ ಕಾರ್ಖಾನೆಗಳ ದೆಸೆಯಿಂದ ಇಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ನಾವೆಲ್ಲ ಊರಿನಲ್ಲಿರುವ ನೆಂಟರಿಗೆ ಈ ಜಾಗದ ಬಗ್ಗೆ ಹೇಳುವುದು ಒಂದೇ ಮಾತು: ಅಮೆರಿಕದಲ್ಲೆಲ್ಲ ಬಲು ಉದಾರವಾದಿ ಊರು. ಸುಳ್ಳೇನಲ್ಲ. ಖಾಲಿ ಬಾಟಲಿ ಹಿಂತಿರುಗಿಸಿದರೆ ದುಡ್ಡು ಕೊಡುವ ಕಾನೂನನ್ನು 1971ರಲ್ಲೇ ಮಾಡಿದ ರಾಜ್ಯ ಇದು. ಪೋರ್ಟ್‌ಲ್ಯಾಂಡ್ ಇರುವ ಮಲ್ಟ್‌ನೋಮಾ ಕೌಂಟಿಯಲ್ಲಿ 2020ರ ಚುನಾವಣೆಯಲ್ಲಿ ಐವರಲ್ಲಿ ಹತ್ತಿರಹತ್ತಿರ ನಾಲ್ವರು ಬೈಡನ್‌ಗೆ ಮತ ಹಾಕಿದರು. ಮನೆಮುಂದಿನ ಹುಲ್ಲಿನಲ್ಲಿ ಎಲ್ಲರಿಗೂ ಸ್ವಾಗತವೆಂದು ಸಾರುವ ಫಲಕಗಳು ಬೀದಿಬೀದಿಗೂ ಸಿಗುತ್ತವೆ. ಅಮೆರಿಕದ ದೊಡ್ಡ ನಗರಗಳಲ್ಲಿ ಬಿಳಿಯರೇ ಅತಿ ಹೆಚ್ಚಿರುವ ಊರು ಎಂಬ ಹೆಸರೂ ಇದೇ ಊರಿಗಿದೆ. ಕಪ್ಪು ಜನ ನೂರಕ್ಕೆ ಆರರ ಆಸುಪಾಸು.

ಈ ಎರಡು ಹೆಸರಿಗೂ ನಂಟಿದೆ ಎಂದು ನಾನು ನಂಬುತ್ತೇನೆ. ಒಂದೇ ಜಾತಿಯವರಿರುವ ಬೀದಿಯಲ್ಲಿ ಜಾತಿಜಗಳ ಇಲ್ಲವೆಂದು ಹೇಳಿಕೊಳ್ಳುವುದನ್ನು ನಾನು ನಮ್ಮ ಜಿಲ್ಲೆಯಲ್ಲೇ ಕೇಳಿ ಬೆಳೆದಿದ್ದೇನೆ. ಆ ಬೀದಿ ಹಾಗೆ ಆದದ್ದು ಹೇಗೆ ಎಂದು ಕೇಳದೆ ಅದರ ಶಾಂತಿಯನ್ನು ಹೊಗಳಲಾಗದು. ಪೋರ್ಟ್‌ಲ್ಯಾಂಡನ್ನೂ ಹಾಗೇ ಕೇಳಬೇಕು.

1844ರಲ್ಲಿ, ಆರೆಗಾನ್ ಇನ್ನೂ ವಲಸಿಗರ ತಾತ್ಕಾಲಿಕ ಸರ್ಕಾರದ ಕೈಯಲ್ಲಿದ್ದಾಗ, ಪೀಟರ್ ಬರ್ನೆಟ್ ಎಂಬಾತ ಮುಂದೆ ನಿಂತು ಒಂದು ಕಾನೂನು ಮಾಡಿಸಿದ. ಗುಲಾಮಗಿರಿ ರದ್ದು, ಆದರೆ ಕಪ್ಪು ಗಂಡಸರು ಎರಡು ವರ್ಷದಲ್ಲಿ, ಹೆಂಗಸರು ಮೂರು ವರ್ಷದಲ್ಲಿ ಸೀಮೆ ಬಿಟ್ಟು ಹೋಗಬೇಕು. ಹೋಗದವರಿಗೆ 20ಕ್ಕೆ ಕಡಿಮೆಯಿಲ್ಲದೆ 39ಕ್ಕೆ ಮೀರದಂತೆ ಚಾಟಿಯೇಟು, ಆರು ತಿಂಗಳಿಗೊಮ್ಮೆ. ಏಟು ಬೀಳುವ ಮೊದಲೇ ಆ ಕಾನೂನು ಬಿದ್ದುಹೋಯಿತು. 1849ರಲ್ಲಿ ಇನ್ನೊಂದು ಬಂತು, ಹೊಸದಾಗಿ ಬರುವ ಕಪ್ಪು ಜನರನ್ನು ತಡೆಯುವುದಕ್ಕೆ. ಅದು ಕಾಗದದಲ್ಲಷ್ಟೇ ಉಳಿಯಲಿಲ್ಲ. ಆರೆಗಾನ್ ಸಿಟಿಯಲ್ಲಿ ವಸತಿಗೃಹ ನಡೆಸುತ್ತಿದ್ದ ಜೇಕಬ್ ವ್ಯಾಂಡರ್‌ಪೂಲ್ ಎಂಬ ಕಪ್ಪು ವರ್ತಕನ ಮೇಲೆ 1851ರಲ್ಲಿ ದೂರು ಹೋಯಿತು, ನ್ಯಾಯಾಧೀಶರ ಆಜ್ಞೆಯಾಯಿತು, ಆತ ಊರು ಬಿಡಬೇಕಾಯಿತು. ತಪ್ಪು ಏನೆಂದರೆ ಅಲ್ಲಿ ಇದ್ದದ್ದು.

ಸಂವಿಧಾನದ ಆ ಸಾಲು 1926ರವರೆಗೆ ಉಳಿಯಿತು. ಅದನ್ನು ತೆಗೆಸಲು ದುಡಿದವರಲ್ಲಿ ಬಿಯಾಟ್ರಿಸ್ ಕ್ಯಾನಡಿ ಒಬ್ಬರು. ‘ದಿ ಅಡ್ವೊಕೇಟ್’ ಎಂಬ ಕಪ್ಪು ಜನರ ಪತ್ರಿಕೆಯ ಸಂಪಾದಕಿ, ಕಾನೂನು ಓದಿದ ಹೆಣ್ಣುಮಗಳು. ಆಕೆಯ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂಬುದು ನನ್ನ ಆಸೆ. ಆ ಹೊತ್ತಿನ ಆರೆಗಾನ್ ಎಂಥದ್ದೆಂದರೆ, 1922ರಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಸಂಘದ ಬೆಂಬಲದಿಂದ ವಾಲ್ಟರ್ ಪಿಯರ್ಸ್ ಗವರ್ನರ್ ಆಗಿ ಆರಿಸಿಬಂದಿದ್ದರು. ವರ್ಣದ ನೆಪದಲ್ಲಿ ಮತದ ಹಕ್ಕು ಕಿತ್ತುಕೊಳ್ಳಬಾರದೆನ್ನುವ, ದೇಶದ ಸಂವಿಧಾನದ ಹದಿನೈದನೆಯ ತಿದ್ದುಪಡಿಗೆ ಆರೆಗಾನ್ ಒಪ್ಪಿಗೆ ಕೊಟ್ಟದ್ದು 1959ರಲ್ಲಿ. ರಾಜ್ಯದ ಸಂವಿಧಾನದಲ್ಲಿ ಅಳಿದುಳಿದಿದ್ದ ವರ್ಣಭೇದದ ಮಾತುಗಳನ್ನು ಅಳಿಸಲು ಮತ ಕೇಳಿದ್ದು 2002ರಲ್ಲಿ. ಆಗಲೂ ಕಾಲುಭಾಗಕ್ಕಿಂತ ಹೆಚ್ಚು ಜನ ಬೇಡವೆಂದೇ ಮತ ಹಾಕಿದರು.

ನನ್ನ ಜೊತೆ ಕೆಲಸ ಮಾಡುವ ಕನ್ನಡದ ಹುಡುಗನೊಬ್ಬ ಪೂರ್ವದ ಕಡೆಯ ಲಾರೆಲ್‌ಹರ್ಸ್ಟ್ ಬಡಾವಣೆಯಲ್ಲಿ ಹಳೆಯ ಮನೆ ಕೊಂಡ. ನೂರು ವರ್ಷದ ಹಿಂದಿನ ಕ್ರಯಪತ್ರದ ಷರತ್ತುಗಳನ್ನು ಒಂದು ಸಂಜೆ ನನ್ನ ಮುಂದಿಟ್ಟ. ಚೀನೀಯರು, ಜಪಾನೀಯರು, ನೀಗ್ರೋಗಳು ಇಲ್ಲಿ ವಾಸ ಮಾಡಕೂಡದು. ಮನೆಗೆಲಸದ ಆಳಾಗಿ ಇದ್ದರೆ ಮಾತ್ರ ಆಗಬಹುದು.

“ಅಕ್ಕಾ, ನಮ್ಮ ಹೆಸರು ಇದರಲ್ಲಿಲ್ಲ” ಅಂದ.

“ನಾವು ಲೆಕ್ಕಕ್ಕೆ ಸಿಗೋವಷ್ಟು ಇರ್ಲಿಲ್ಲ ಕಣಪ್ಪ, ಅದಕ್ಕೆ” ಅಂದೆ.

ಲೆಕ್ಕಕ್ಕೆ ಸಿಗುವಷ್ಟು ಇದ್ದ ಕಡೆ ಏನಾಯಿತು ಎನ್ನುವುದಕ್ಕೆ ಸೇಂಟ್ ಜಾನ್ಸ್ ಇದೆ. ಈಗ ಪೋರ್ಟ್‌ಲ್ಯಾಂಡಿನ ಒಂದು ಭಾಗ, ಆಗ ಪಕ್ಕದ ಬೇರೆ ಊರು. ಅಲ್ಲಿಯ ಮರದ ಮಿಲ್ಲುಗಳಿಗೆ ಪಂಜಾಬಿನಿಂದ ಬಂದವರು ಕೂಲಿಗೆ ಸೇರಿದ್ದರು. 1910ರ ಮಾರ್ಚ್ 21ರಂದು ಬಿಳಿಯರ ಗುಂಪು ಅವರು ಇಳಿದುಕೊಂಡಿದ್ದ ಮನೆಗಳಿಗೆ ನುಗ್ಗಿ, ಹೊಡೆದು, ದೋಚಿ, ಊರು ಬಿಡಿಸಿತು. ಇಂಥದೇ ಮಿಲ್ಲುಗಳ ಕೂಲಿಯವರ ನಡುವೆ, ಕೊಲಂಬಿಯಾ ನದಿಯ ಕೆಳದಂಡೆಯ ಆಸ್ಟೋರಿಯಾದಲ್ಲಿ 1913ರಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ಗದರ್ ಪಕ್ಷ ಹುಟ್ಟಿತು. ಆಸ್ಟೋರಿಯಾದ ಮಿಲ್ಲಿನಲ್ಲಿ ದುಡಿದು, ಅಮೆರಿಕದ ಸೈನ್ಯದಲ್ಲೂ ಇದ್ದು ಬಂದ ಭಗತ್ ಸಿಂಗ್ ಥಿಂಡ್ ಅವರಿಗೆ 1920ರಲ್ಲಿ ಪೋರ್ಟ್‌ಲ್ಯಾಂಡಿನ ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಪೌರತ್ವ ಕೊಟ್ಟರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯ ‘ಬಿಳಿಯ ವ್ಯಕ್ತಿ’ ಅಲ್ಲವೆಂದು ಅದನ್ನು ತಳ್ಳಿಹಾಕಿತು.

ಕ್ರಯಪತ್ರದಲ್ಲಿ ಷರತ್ತು ಇಲ್ಲದ ಬೀದಿಗಳಿಗೂ ಬೇಲಿ ಇತ್ತು. ಬಿಳಿಯರ ಬೀದಿಯಲ್ಲಿ ಕಪ್ಪು ಜನರಿಗೋ ಚೀನೀಯರಿಗೋ ಮನೆ ಮಾರಿಸುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಪೋರ್ಟ್‌ಲ್ಯಾಂಡಿನ ಮನೆ ದಲ್ಲಾಳಿಗಳ ಸಂಘ 1919ರಲ್ಲಿ ನಿಯಮ ಮಾಡಿತು. ಸುಮಾರು ಹತ್ತು ವರ್ಷದ ಮೇಲೆ ಡಿನಾರ್ವಲ್ ಅಂಥ್ಯಾಂಕ್ ಎಂಬ ಕಪ್ಪು ವೈದ್ಯರು ಬಿಳಿಯರ ಬಡಾವಣೆಯಲ್ಲಿ ಮನೆ ಮಾಡಿದಾಗ ಕಿಟಕಿಗಳಿಗೆ ಕಲ್ಲು ಬಿತ್ತು. ಅವರ ಹೆಸರಿನ ಉದ್ಯಾನ ಈಗ ಊರಿನಲ್ಲಿದೆ.

1940ರಲ್ಲಿ ಇಡೀ ಪೋರ್ಟ್‌ಲ್ಯಾಂಡಿನಲ್ಲಿ ಕಪ್ಪು ಜನ ಎರಡು ಸಾವಿರದ ಒಳಗೆ. ಯುದ್ಧ ಬಂತು. ಹೆನ್ರಿ ಕೈಸರ್ ಅವರ ಹಡಗುಕಟ್ಟೆಗಳಿಗೆ ಹಗಲುರಾತ್ರಿ ಕೆಲಸಗಾರರು ಬೇಕಾದರು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ರೈಲು ತುಂಬ ಬಂದರು. ಅವರಿಗೆ ಸೂರು ಕೊಡಲು ಊರು ಹಿಂದೆಮುಂದೆ ನೋಡಿತು. ಕೈಸರ್ ನೇರವಾಗಿ ಕೇಂದ್ರ ಸರ್ಕಾರದ ಹಣ ತಂದು, ಕೊಲಂಬಿಯಾ ನದಿಯ ತಗ್ಗಿನಲ್ಲಿ 1942ರಲ್ಲಿ ಕೆಲವೇ ತಿಂಗಳಲ್ಲಿ ಮರದ ಮನೆಗಳ ಊರೊಂದನ್ನು ಎಬ್ಬಿಸಿದರು. ವ್ಯಾನ್‌ಪೋರ್ಟ್ ಎಂದು ಹೆಸರು. ಜೋರಾಗಿದ್ದಾಗ ನಲವತ್ತು ಸಾವಿರ ಜನ, ಆರೆಗಾನಿನ ಎರಡನೆಯ ದೊಡ್ಡ ಊರು. ಮನೆ ಕೊಡುವಾಗ ಕಪ್ಪು ಜನರಿಗೆ ಬೇರೆ ಸಾಲುಗಳನ್ನೇ ಕೊಟ್ಟರು. ಶಾಲೆಯಲ್ಲಿ ಮಾತ್ರ ಮಕ್ಕಳು ಒಟ್ಟಿಗೆ ಕೂತರು. ಕಾಲೇಜೂ ಬಂತು, ಇಂದಿನ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಬೇರು ಅದೇ.

ಆ ಊರು ನಿಂತಿದ್ದದ್ದು ನಾಲ್ಕೂ ಕಡೆ ಏರಿ ಕಟ್ಟಿದ ತಗ್ಗಿನಲ್ಲಿ. 1948ರ ಮೇ 30ರ ಬೆಳಿಗ್ಗೆ ನದಿ ಉಕ್ಕುತ್ತಿತ್ತು. ಪೋರ್ಟ್‌ಲ್ಯಾಂಡಿನ ವಸತಿ ಪ್ರಾಧಿಕಾರ ಮನೆಬಾಗಿಲಿಗೆ ಚೀಟಿ ಹಂಚಿತು: ಏರಿಗಳು ಸದ್ಯಕ್ಕೆ ಭದ್ರವಾಗಿವೆ, ಬೇಕಾದರೆ ಎಚ್ಚರಿಸುತ್ತೇವೆ, ಹೊರಡಲು ಸಮಯವಿರುತ್ತದೆ, ಗಾಬರಿ ಬೇಡ. ಸಂಜೆ 4 ಗಂಟೆ 17 ನಿಮಿಷಕ್ಕೆ ಪಡುವಣದ ರೈಲು ಏರಿ ಒಡೆಯಿತು. ಮರದ ದಿಮ್ಮಿಗಳ ಮೇಲೆ ಕೂರಿಸಿದ್ದ ಮನೆಗಳು ನೀರಿನಲ್ಲಿ ತೇಲಿದವು, ಒಂದಕ್ಕೊಂದು ಡಿಕ್ಕಿ ಹೊಡೆದವು. ಹದಿನೈದು ಜನ ಸತ್ತರು. ಆಗ ಅಲ್ಲಿದ್ದ 18,500 ಜನರಲ್ಲಿ ಮೂರರಲ್ಲೊಂದು ಪಾಲು ಕಪ್ಪು ಜನ. ಒಂದೇ ಸಂಜೆಯಲ್ಲಿ ಎಲ್ಲರೂ ಮನೆ ಕಳೆದುಕೊಂಡರು. ಬಿಳಿಯರಿಗೆ ಊರೆಲ್ಲ ತೆರೆದಿತ್ತು. ಕಪ್ಪು ಜನರಿಗೆ ದಲ್ಲಾಳಿಗಳು ತೋರಿಸಿದ್ದು ಒಂದೇ ಕಡೆ: ವಿಲ್ಲಾಮೆಟ್ ನದಿಯ ಪೂರ್ವದಂಡೆಯ ಅಲ್ಬೈನಾ.

ಅಲ್ಬೈನಾದ ಕಥೆಯನ್ನು ನಾನು ನಿಧಾನವಾಗಿಯೇ ಹೇಳಬೇಕು. 1960ರ ಹೊತ್ತಿಗೆ ಪೋರ್ಟ್‌ಲ್ಯಾಂಡಿನ ಕಪ್ಪು ಜನರಲ್ಲಿ ಐವರಲ್ಲಿ ನಾಲ್ವರು ಅಲ್ಲಿದ್ದರು. ಚರ್ಚು, ಕ್ಷೌರದಂಗಡಿ, ವಿಲಿಯಮ್ಸ್ ಅವೆನ್ಯೂ ಉದ್ದಕ್ಕೂ ಜಾಝ್ ಕೇಳುವ ಕ್ಲಬ್ಬುಗಳು. ಆ ಜನರನ್ನು ಅಲ್ಲಿಗೇ ಕೂಡಿಹಾಕಿದ ಊರು, ಆ ಜಾಗವನ್ನೂ ಅವರ ಕೈಯಲ್ಲಿ ಉಳಿಸಲಿಲ್ಲ. ಮೆಮೋರಿಯಲ್ ಕೊಲಿಸಿಯಂ ಎಂಬ ಕ್ರೀಡಾಂಗಣಕ್ಕೆ 476 ಮನೆ ಹೋದವು. ಅರ್ಧದಷ್ಟರಲ್ಲಿ ಕಪ್ಪು ಜನ ಇದ್ದರು. ಅರವತ್ತರ ದಶಕದಲ್ಲಿ ಐ-5 ಹೆದ್ದಾರಿ ಬಂದು ಇನ್ನೂ ನೂರಾರು ಮನೆ ನುಂಗಿತು. ಎಪ್ಪತ್ತರ ದಶಕದ ಆರಂಭದಲ್ಲಿ ಇಮ್ಯಾನ್ಯುಯೆಲ್ ಆಸ್ಪತ್ರೆಯ ವಿಸ್ತರಣೆಗೆಂದು ಸುಮಾರು 300 ಮನೆ-ಅಂಗಡಿಗಳನ್ನು ಕೆಡವಿದರು. ಕೆಡವಿ ಮುಗಿಯುವ ಹೊತ್ತಿಗೆ ಕೇಂದ್ರದ ಹಣ ನಿಂತುಹೋಯಿತು. ಆ ನೆಲದ ಬಹುಭಾಗ ದಶಕಗಟ್ಟಲೆ ಬಯಲಾಗಿಯೇ ಬಿದ್ದಿತ್ತು. ವಿಲಿಯಮ್ಸ್ ಮತ್ತು ರಸೆಲ್ ಬೀದಿಗಳು ಕೂಡುವಲ್ಲಿದ್ದ ಹಳೆಯ ಕಟ್ಟಡದ ಗುಮ್ಮಟವೊಂದನ್ನು ಮಾತ್ರ ಉಳಿಸಿ, ಹತ್ತಿರದ ಡಾಸನ್ ಪಾರ್ಕಿನ ಮಂಟಪದ ಮೇಲೆ ಕೂರಿಸಿದ್ದಾರೆ.

ಈಗ ಊರಿನ ಇನ್ನೊಂದು ಕಡೆಯ ಸುದ್ದಿ ನೋಡಿ. ಅದೇ ಕಾಲಕ್ಕೆ ಆಗ್ನೇಯ ಪೋರ್ಟ್‌ಲ್ಯಾಂಡಿನ ಬಿಳಿಯರ ಬೀದಿಗಳ ಮೂಲಕ ಮೌಂಟ್ ಹುಡ್ ಫ್ರೀವೇ ಎಂಬ ಹೆದ್ದಾರಿಗೆ ನಕ್ಷೆ ಸಿದ್ಧವಾಗಿತ್ತು. ಸಾವಿರಕ್ಕೂ ಹೆಚ್ಚು ಮನೆ ಹೋಗಬೇಕಿತ್ತು. ಜನ ಎದ್ದುನಿಂತರು, 1974ರಲ್ಲಿ ನಗರ ಅದನ್ನು ಕೈಬಿಟ್ಟಿತು, ಉಳಿದ ಹಣದಲ್ಲಿ ಒಂದು ಪಾಲು ಲಘು ರೈಲಿಗೆ ಹೋಯಿತು. ಕಾರಿಗಿಂತ ಮನುಷ್ಯ ದೊಡ್ಡವನು ಎಂದು ತೋರಿಸಿದ ಊರೆಂಬ ಪೋರ್ಟ್‌ಲ್ಯಾಂಡಿನ ಕೀರ್ತಿ ಶುರುವಾಗುವುದು ಅಲ್ಲಿಂದ. ಐ-5 ಬಂದ ಮೇಲಿನ ಹತ್ತು ವರ್ಷಗಳಲ್ಲಿ ಹೆದ್ದಾರಿಯ ಬಗ್ಗೆ ದೇಶದಾದ್ಯಂತ ಮನಸ್ಸು ಬದಲಾಗಿತ್ತು, ನಿಜ. ಆದರೆ ಆಸ್ಪತ್ರೆಗಾಗಿ ಅಲ್ಬೈನಾ ಕೆಡವಿದ್ದೂ ಅದೇ ವರ್ಷಗಳಲ್ಲಿ. ಯಾರ ಮನೆ ಉಳಿಯಿತು, ಯಾರದು ಹೋಯಿತು ಎನ್ನುವುದನ್ನು ಮನಸ್ಸಿನ ಬದಲಾವಣೆಯೊಂದೇ ವಿವರಿಸಲಾರದು. ನಗರಸಭೆಗೆ ಮೊದಲ ಕಪ್ಪು ಸದಸ್ಯ ಚಾರ್ಲ್ಸ್ ಜೋರ್ಡನ್ ಬಂದದ್ದು 1974ರಲ್ಲಿ. 1913ರಿಂದ ಸದಸ್ಯರನ್ನೆಲ್ಲ ಇಡೀ ಊರೇ ಒಟ್ಟಾಗಿ ಆರಿಸುತ್ತಿತ್ತು, ವಾರ್ಡುಗಳಿರಲಿಲ್ಲ. ಅಲ್ಬೈನಾದ ಮತ ಸಮುದ್ರಕ್ಕೆ ಬಿದ್ದ ಹನಿಯಾಗುತ್ತಿತ್ತು.

ಬೇರೆಯವರು ಹೆಚ್ಚಿರುವ ಊರಿನಲ್ಲಿ ಉದಾರವಾದ ಹೀಗೆ ಸುಲಭವಾಗಿ ಉಳಿಯದು. ಶಿಕಾಗೋ ತಲೆಮಾರುಗಳಿಂದ ಡೆಮಾಕ್ರಟರ ಕೋಟೆ. 1983ರಲ್ಲಿ ಅದೇ ಪಕ್ಷ ಹೆರಾಲ್ಡ್ ವಾಷಿಂಗ್ಟನ್ ಎಂಬ ಕಪ್ಪು ನಾಯಕನನ್ನು ಮೇಯರ್ ಸ್ಥಾನಕ್ಕೆ ನಿಲ್ಲಿಸಿದಾಗ ಬಿಳಿಯರ ವಾರ್ಡುಗಳು ಒಮ್ಮೆಲೇ ರಿಪಬ್ಲಿಕನ್ ಅಭ್ಯರ್ಥಿಯ ಕಡೆ ವಾಲಿದವು. ವಾಷಿಂಗ್ಟನ್ ಗೆದ್ದರು, ಕೂದಲೆಳೆಯಲ್ಲಿ. ಅಲ್ಲಿಯ ರಾಜಕೀಯ ಒರಟು, ಬೈಗುಳದ್ದು. ಆದರೂ ಕಪ್ಪು ಜನ ಅಲ್ಲಿ ಅಧಿಕಾರಕ್ಕೆ ಬರುವಷ್ಟು ಇದ್ದರು. ಪೋರ್ಟ್‌ಲ್ಯಾಂಡಿನ ಸೌಮ್ಯ ರಾಜಕೀಯಕ್ಕೆ ಆ ಪರೀಕ್ಷೆಯೇ ಬರಲಿಲ್ಲ. ಪಾರ್ಕು, ಸೈಕಲ್ಲು, ಗ್ರಂಥಾಲಯದ ತೆರಿಗೆ: ಇವುಗಳ ಮೇಲೆ ಒಮ್ಮತ ಬೇಗ ಬರುತ್ತದೆ, ಏಕೆಂದರೆ ಹಂಚಿಕೊಳ್ಳಬೇಕಾದವರೆಲ್ಲ ತನ್ನಂಥವರೇ ಎಂದು ಮತದಾರನಿಗೆ ಗೊತ್ತು.

ಬೇರೆ ರೂಪದಲ್ಲಿ ಪರೀಕ್ಷೆ ಬಂದಾಗಲೆಲ್ಲ ಊರು ತಡವರಿಸಿದೆ. 1988ರ ನವೆಂಬರಿನ ಒಂದು ರಾತ್ರಿ ಇಥಿಯೋಪಿಯಾದ ವಿದ್ಯಾರ್ಥಿ ಮುಲುಗೆಟಾ ಸೆರಾವ್ ಅವರನ್ನು ವರ್ಣದ್ವೇಷಿ ಯುವಕರು ಬೇಸ್‌ಬಾಲ್ ಬ್ಯಾಟಿನಿಂದ ಬಡಿದು ಕೊಂದರು. ಇಂಥ ಊರಿನಲ್ಲಿ ಹೀಗಾಯಿತೇ ಎಂದು ಜನ ಬೆರಗಾದರು. ತೊಂಬತ್ತರ ದಶಕದಿಂದ ಅಲ್ಬೈನಾದ ಮನೆಗಳ ಬೆಲೆ ಏರಿತು, ಕಪ್ಪು ಕುಟುಂಬಗಳು ಸಾವಿರಗಟ್ಟಲೆ ಊರಿನ ಪೂರ್ವದ ಅಂಚಿಗೆ, ಕಾಲುದಾರಿಯೂ ಇಲ್ಲದ ಬೀದಿಗಳಿಗೆ ಸರಿದವು. 2011ರಲ್ಲಿ ವಿಲಿಯಮ್ಸ್ ಅವೆನ್ಯೂದ ಸೈಕಲ್ ದಾರಿ ಅಗಲ ಮಾಡಲು ನಗರ ಹೊರಟಾಗ ಉಳಿದಿದ್ದ ಹಳೆಯ ನಿವಾಸಿಗಳು ಎದ್ದು ಕೇಳಿದರು: ರಸ್ತೆ ಸುರಕ್ಷಿತವಾಗಲಿ ಎಂದು ನಾವು ಕೇಳಿದಾಗ ಇಲ್ಲದ ಹಣ ಈಗ ಎಲ್ಲಿಂದ ಬಂತು? ಆ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಆ ದಾರಿಯಲ್ಲಿ ಸೈಕಲ್ ಓಡಿಸುವವಳು ನಾನು.

ನಮ್ಮವರಿಗೆ ಇಲ್ಲಿ ಸಿಕ್ಕ ಸ್ವಾಗತಕ್ಕೂ ಬೆಲೆ ತೆತ್ತವರು ಬೇರೆಯವರು. ಥಿಂಡ್ ಅವರ ಪೌರತ್ವ ಕಿತ್ತುಕೊಂಡ ದೇಶ ನಮ್ಮ ಎಂಜಿನಿಯರುಗಳಿಗೆ ಬಾಗಿಲು ತೆಗೆದದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನಿಗೆ ದಾರಿ ಮಾಡಿದ್ದು ದಕ್ಷಿಣದ ಬೀದಿಗಳಲ್ಲಿ ಕಪ್ಪು ಜನ ನಡೆಸಿದ ಹೋರಾಟ. ಕೈಯಲ್ಲಿ ಕೆಲಸದ ಪತ್ರ, ಬ್ಯಾಂಕಿನಲ್ಲಿ ಸಂಬಳ ಇಟ್ಟುಕೊಂಡು ಬಂದ ನಮ್ಮನ್ನು ಪೋರ್ಟ್‌ಲ್ಯಾಂಡ್ ನಗುತ್ತಾ ಬರಮಾಡಿಕೊಂಡಿತು. ಆ ನಗುವನ್ನು ನೋಡಿ ಊರಿನ ಉದಾರತೆಯನ್ನು ಅಳೆಯುವ ಹಕ್ಕು ನಮಗಿಲ್ಲ ಎಂದೇ ನನ್ನ ಅನಿಸಿಕೆ.

ನಗರದ ಹಳದಿ ಮಾರ್ಗದ ರೈಲು ಅಲ್ಬೈನಾದ ಪಕ್ಕದಲ್ಲೇ ಉತ್ತರಕ್ಕೆ ಹೋಗುತ್ತದೆ. ಕೊನೆಗೆ ಸಿಗುವ ಎರಡು ನಿಲ್ದಾಣಗಳಲ್ಲಿ ಒಂದು ವ್ಯಾನ್‌ಪೋರ್ಟ್ ಮುಳುಗಿದ ಜಾಗದ್ದು. ಇನ್ನೊಂದು, 1942ರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜಪಾನೀ ಮೂಲದವರನ್ನು ದನದ ಪ್ರದರ್ಶನದ ಕೊಟ್ಟಿಗೆಗಳಲ್ಲಿ ಕೂಡಿಹಾಕಿದ್ದ ಜಾಗದ್ದು.

2024ರ ನವೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ಮೊದಲ ಸಲ ನಾಲ್ಕು ಕ್ಷೇತ್ರಗಳಿಂದ, ಕ್ಷೇತ್ರಕ್ಕೆ ಮೂವರಂತೆ, ಹನ್ನೆರಡು ಜನರನ್ನು ನಗರಸಭೆಗೆ ಆರಿಸಿತು. ಅಲ್ಬೈನಾ ಬಿಟ್ಟು ಹೋದವರಲ್ಲಿ ಬಹಳಷ್ಟು ಜನ ನೆಲೆಸಿರುವ ಪೂರ್ವದ ಅಂಚು ಈಗ ಒಂದನೆಯ ಕ್ಷೇತ್ರ. ಅಲ್ಲಿ ಮತದಾನ ನಾಲ್ಕರಲ್ಲೂ ಕಡಿಮೆ. ಈ ಊರಿನಲ್ಲಿ ಮತವಿರುವ ಕನ್ನಡಿಗರಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ಸಲ ಅಭ್ಯರ್ಥಿಗಳು ನಿಮ್ಮ ಬಾಗಿಲಿಗೆ ಬಂದಾಗ, ಆ ಕ್ಷೇತ್ರದ ಕಾಲುದಾರಿಗಳಿಗೆ ಎಷ್ಟು ಹಣ ಇಡುತ್ತೀರಿ ಎಂದು ಕೇಳಿ.